ಬರೆದುಕೊಳ್ಳದ ಮುಯ್ಯಿ

ಮೊದಲು ಊದಿದ್ದು ಪಾದ.

ಆಲೆಮನೆಯಿಂದ ಬಂದು ಚಪ್ಪಲಿ ಬಿಚ್ಚಿದರೆ ಪಟ್ಟಿಯ ಗುರುತು ಪಾದದ ಮೇಲೆ ಹಾಗೇ ಕೂತಿರುತ್ತಿತ್ತು. ಬೆರಳಿನಿಂದ ಒತ್ತಿದರೆ ಗುಳಿ. ಅದು ತುಂಬಿಕೊಳ್ಳಲು ಹೊತ್ತು ಹಿಡಿಯುತ್ತಿತ್ತು. ದಿನವೆಲ್ಲ ಕೊಪ್ಪರಿಗೆಯ ಮುಂದೆ ನಿಂತು ಕಬ್ಬಿನ ಹಾಲು ತಿರುವುವವರಿಗೆ ಕಾಲು ಊದದೆ ಇನ್ನೇನಾಗುತ್ತದೆ ಎಂದುಕೊಂಡೆವು. ಬಿಸಿನೀರಿಗೆ ಉಪ್ಪು ಹಾಕಿ ಕಾಲು ಇಡಿಸಿದೆ. ಒಂದು ವಾರದ ಮೇಲೆ, ಬೆಳಿಗ್ಗೆ ಎದ್ದಾಗ ಮುಖ ಊದಿತ್ತು.

"ನೋಡಮ್ಮಿ, ನಿನ್ನಡ್ಗೆ ಮೈಗತ್ಬುಡ್ತು," ಎಂದು ಕನ್ನಡಿ ನೋಡಿಕೊಂಡು ನಕ್ಕರು.

ನನ್ನ ಗಂಡನ ಹೆಸರು ಮಹದೇವ. ಬದುಕಿದ್ದಾಗ ಒಮ್ಮೆಯೂ ಹೆಸರು ಹಿಡಿದು ಕರೆದವಳಲ್ಲ. ಈಗ ಬರೆಯಬೇಕಾಗಿದೆ. ನಮ್ಮದು ಹುಲ್ಲಹಳ್ಳಿಯಿಂದ ಆಚೆ, ನಾಲೆಯ ಪಕ್ಕದ ಸಣ್ಣ ಊರು. ಸ್ವಂತ ಜಮೀನು ಇರಲಿಲ್ಲ. ಕಬ್ಬಿನ ಕಾಲದಲ್ಲಿ ಅವರಿಗೆ ಆಲೆಮನೆ, ಉಳಿದ ದಿನಗಳಲ್ಲಿ ಇಬ್ಬರಿಗೂ ಗದ್ದೆ ಕೂಲಿ. ಮಗಳು ಪವಿತ್ರಳಿಗೆ ಆಗಷ್ಟೇ ಎರಡು ತುಂಬಿತ್ತು.

ಆಮೇಲೆ ಊಟ ಸೇರದಾಯಿತು. "ಬಾಯ್ತುಂಬ ತುಕ್ಕು ಇಟ್ಕಂಡಂಗದೆ," ಎನ್ನುತ್ತಿದ್ದರು. ನಾಲ್ಕು ಹೆಜ್ಜೆ ಏರು ಹತ್ತಿದರೆ ಏದುಸಿರು. ಊರಿನಲ್ಲಿ ಕಾಮಾಲೆ ಎಂದರು, ಸೊಪ್ಪಿನ ಔಷಧಿ ಕೊಡಿಸಿದೆವು. ಕೊನೆಗೆ ನಂಜನಗೂಡಿಗೆ ಹೋದಾಗ ಅಲ್ಲಿನ ಡಾಕ್ಟರು ಬಿಪಿ ನೋಡುವ ಪಟ್ಟಿ ಕಟ್ಟಿದರು. ಬಿಚ್ಚಿ ಇನ್ನೊಂದು ತೋಳಿಗೆ ಕಟ್ಟಿದರು. ಚೀಟಿ ಬರೆದರು.

"ಮೈಸೂರಿಗೆ ಹೋಗಿ. ಮನೆಗೆ ಹೋಗಿ ಆಮೇಲೆ ಹೋಗೋದಲ್ಲ. ಹಿಂಗೇ ಹೋಗಿ."

ಮೈಸೂರಿನ ಆಸ್ಪತ್ರೆಯಲ್ಲಿ ರಕ್ತ ತೆಗೆದರು, ಸ್ಕ್ಯಾನಿಂಗ್ ಮಾಡಿದರು. ಕ್ರಿಯಾಟಿನಿನ್ ಎಂಬ ಮಾತನ್ನು ನಾನು ಮೊದಲು ಕೇಳಿದ್ದು ಅಲ್ಲಿ. ಎರಡು ಕಿಡ್ನಿಯೂ ಕುಗ್ಗಿ ಹೋಗಿವೆ, ಬಿಪಿ ಎಷ್ಟೋ ವರ್ಷದಿಂದ ಇದ್ದಿರಬೇಕು, ಗೊತ್ತಾಗಿಲ್ಲ ಎಂದರು ಡಾಕ್ಟರು. ನನ್ನ ಅಕ್ಕನ ವಯಸ್ಸಿನವರಿರಬಹುದಾದ ಆ ಹೆಣ್ಣುಮಗಳ ಮುಖವನ್ನೇ ನಾನು ನೋಡುತ್ತಿದ್ದೆ. ಗಾಬರಿ ಅದರಲ್ಲಿ ಕಾಣಲಿಲ್ಲ. ಅದರಿಂದ ನನಗೆ ಸ್ವಲ್ಪ ಧೈರ್ಯವೇ ಬಂತು.

"ವಾರಕ್ಕೆ ಎರಡು ಸಲ ಡಯಾಲಿಸಿಸ್ ಮಾಡಬೇಕು," ಎಂದರು.

"ಎಷ್ಟು ದಿನ ಮೇಡಂ?"

"ಯಾವಾಗಲೂ."

ಯಾವಾಗಲೂ.

ಕಿಡ್ನಿ ಕೊಡುವವರು ಯಾರಾದರೂ ಇದ್ದಾರಾ ಎಂದೂ ಕೇಳಿದರು. ನನ್ನ ರಕ್ತದ ಗುಂಪು ಹೊಂದಲಿಲ್ಲ. ಅವರ ಅಣ್ಣ ಸಿದ್ದರಾಜು ಭಾವನಿಗೆ ಸಕ್ಕರೆ ಕಾಯಿಲೆ. ಅಲ್ಲಿಗೆ ಆ ಮಾತು ಮುಗಿಯಿತು. ಯಂತ್ರವೊಂದೇ ಉಳಿಯಿತು.

ಕುತ್ತಿಗೆಗೆ ಕ್ಯಾಥೆಟರ್ ಎಂಬ ಕೊಳವೆ ಹಾಕಿ ಶುರು ಮಾಡಿದರು. ನನ್ನ ಕೊರಳಲ್ಲಿದ್ದದ್ದು, ಕಿವಿಯಲ್ಲಿದ್ದದ್ದು ಬೇಗ ಕರಗಿದವು. ಇದ್ದೊಂದು ಎಮ್ಮೆಯೂ ಹೋಯಿತು. ಆಮೇಲೆ ವಾರಕ್ಕೆ ಎರಡು ಸಲದ್ದು ಒಂದು ಸಲವಾಯಿತು. ಆ ಒಂದು ಸಲವೂ ಒಮ್ಮೊಮ್ಮೆ ಮುಂದಕ್ಕೆ ಹೋಗುತ್ತಿತ್ತು. ತಡವಾದಷ್ಟೂ ಅವರ ಮೈಯಲ್ಲಿ ನೀರು ಏರುತ್ತಿತ್ತು. ಮಲಗಿದರೆ ಉಸಿರು ಕಟ್ಟುತ್ತಿದ್ದರಿಂದ ಗೋಡೆಗೆ ದಿಂಬು ಆನಿಸಿ ಕೂತೇ ನಿದ್ದೆ ಮಾಡುತ್ತಿದ್ದರು.

ಸುದ್ದಿ ಹರಡಿ ನೆಂಟರು ಬರತೊಡಗಿದರು. ಯಾರೂ ಬರಿಗೈಯಲ್ಲಿ ಬರಲಿಲ್ಲ. ಹುಷಾರಿಲ್ಲದವರನ್ನು ನೋಡಲು ಬರಿಗೈಯಲ್ಲಿ ಹೋಗುವ ಪದ್ಧತಿ ನಮ್ಮಲ್ಲಿ ಇಲ್ಲ. ತಾಂಡವಪುರದವರು ಬ್ರೆಡ್ಡು, ಬಿಸ್ಕತ್ತು ತಂದರು. ಇನ್ನೊಬ್ಬರು ಮೂಸಂಬಿ. ರಸಬಾಳೆ ಗೊನೆಯನ್ನೇ ಬಸ್ಸಿನ ಮೇಲೆ ಹಾಕಿಕೊಂಡು ಬಂದವರಿದ್ದರು. ಎಳನೀರು ಮಂಚದ ಕೆಳಗೆ ರಾಶಿ ಬಿದ್ದಿತ್ತು. ಎಲ್ಲರೂ ಪ್ರೀತಿಯಿಂದಲೇ ತಂದರು, ತಮ್ಮ ಮನೆಯಲ್ಲಿ ಇಲ್ಲದಿದ್ದರೂ ತಂದರು. ದುಡ್ಡನ್ನು ಮಾತ್ರ ಯಾರೂ ಕೊಡಲಿಲ್ಲ. ಕೊಡಬಾರದು. ನಮ್ಮಲ್ಲಿ ಕೈಗೆ ದುಡ್ಡು ಕೊಡುವುದು ಮದುವೆಯಲ್ಲಿ ಮುಯ್ಯಿ ಅಂತ. ಅದನ್ನು ಬರೆದಿಟ್ಟುಕೊಂಡು ಅವರ ಮನೆಯ ಮದುವೆಯಲ್ಲಿ ವಾಪಸು ಮಾಡುತ್ತೇವೆ. ಅದು ಬಿಟ್ಟರೆ ಸಾವಿನ ಮನೆಯಲ್ಲಿ, ಮಣ್ಣಿನ ಖರ್ಚಿಗೆ ಅಂತ. ಮಲಗಿದವನ ಮನೆಗೆ ಹೋಗಿ ದುಡ್ಡು ಕೊಟ್ಟರೆ ಅವನ ಆಸೆ ಬಿಟ್ಟಿದ್ದೇವೆ ಎಂದು ಮುಖಕ್ಕೆ ಹೇಳಿದ ಹಾಗೆ.

ನೀರು ಅಳೆದು ಕುಡಿಯಬೇಕು, ಹಣ್ಣು ಮುಟ್ಟಬಾರದು ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು. ಎಳನೀರು ಎಂದು ಬಿಡಿಸಿ ಹೇಳಿರಲಿಲ್ಲ. ಹೇಳಿದ್ದರೂ ನಂಬುತ್ತಿದ್ದೆವೋ ಇಲ್ಲವೋ. ಹಸುಗೂಸಿಗೂ ಕುಡಿಸುವ ನೀರು ಅದು. ಒಂದು ಮಧ್ಯಾಹ್ನ ಬಿಸಿಲು ಹೆಚ್ಚಿತ್ತು, ಬಾಯಾರಿಕೆ ತಡೆಯಲಾರದೆ ಒದ್ದಾಡುತ್ತಿದ್ದರು. ಸಿದ್ದರಾಜು ಭಾವ ಮಚ್ಚು ತಂದು ಕೊಚ್ಚಿ ಕೊಟ್ಟರು. ಒಂದು ಕುಡಿದು ಇನ್ನೊಂದು ಕೇಳಿದರು. ಕೊಟ್ಟೆವು.

ಸಂಜೆ ಹೊತ್ತಿಗೆ ಕಾಲು ಎತ್ತಲಾಗಲಿಲ್ಲ.

ಬಾಡಿಗೆ ವ್ಯಾನಿನಲ್ಲಿ ಮೈಸೂರಿಗೆ ಹೊತ್ತುಕೊಂಡು ಹೋದೆವು. ಅದೇ ಡಾಕ್ಟರು ಇಸಿಜಿ ಕಾಗದ ನೋಡುತ್ತ ಕೇಳಿದರು, "ಏನು ತಿಂದರು? ಏನು ಕುಡಿದರು?"

"ಎಳನೀರು."

ಅವರು ತಲೆಯೆತ್ತಿ ನಮ್ಮನ್ನು ನೋಡಿದರು. ಬೈಯಲಿಲ್ಲ. "ಅದರಲ್ಲಿ ಪೊಟ್ಯಾಷಿಯಂ ಇರುತ್ತೆ. ಕಿಡ್ನಿ ಕೆಟ್ಟವರಿಗೆ ಅದು ವಿಷ. ಹೃದಯ ನಿಂತುಹೋಗುತ್ತೆ," ಎಂದಷ್ಟೇ ಹೇಳಿ ಯಂತ್ರದ ಕಡೆ ಓಡಿದರು. ಭಾವ ಅಲ್ಲೇ ಕಾರಿಡಾರಿನಲ್ಲಿ ಕುಸಿದು ಕೂತು, ಮಚ್ಚು ಹಿಡಿದಿದ್ದ ಕೈಯನ್ನು ತೊಡೆಗೆ ಉಜ್ಜಿಕೊಳ್ಳುತ್ತಲೇ ಇದ್ದರು.

ಆ ಸಲ ಉಳಿದರು. ಮನೆಗೆ ಬಂದ ಮೇಲೆ ಮೂಗೂರಿನಿಂದ ದೊಡ್ಡತಾಯಮ್ಮ ಬಂದರು. ನನ್ನ ಗಂಡನಿಗೆ ಸೋದರತ್ತೆ, ಅವರ ಅಪ್ಪನ ಅಕ್ಕ. ಸೊಪ್ಪು ತರಕಾರಿ ಮಾರಿ ಬದುಕಿದ ಹೆಂಗಸು. ಬಾಯಿ ಜೋರು. ಬಂದವರೇ ಮಂಚದ ಕೆಳಗೆ ಬಗ್ಗಿ ನೋಡಿದರು.

"ಏನ್ಲಾ ಮಾದೇವ, ಮಂಡಿ ಮಡಗಿದ್ದೀಯಾ? ಬಾಳೆಹಣ್ಣು ಸಗಟೋ ಚಿಲ್ರೆಯೋ?"

ಬಹಳ ದಿನಗಳ ಮೇಲೆ ಅವರು ನಕ್ಕರು. "ನೀನೇನ್ ತಂದೆ ಅತ್ತೆ?"

"ನಾನೇನೂ ತಂದಿಲ್ಲ ಕಣಪ್ಪ. ಇದ್ನ ತಂದಿವ್ನಿ," ಎಂದು ಸೊಂಟದ ಎಲೆಅಡಿಕೆ ಚೀಲದಿಂದ ಮಡಿಸಿದ ನೋಟುಗಳನ್ನು ತೆಗೆದು ನನ್ನ ಕೈಗೆ ತುರುಕಿದರು.

ಅವರ ನಗು ನಿಂತಿತು. ಮುಖ ಗೋಡೆಯ ಕಡೆ ತಿರುಗಿತು.

"ನಾನಿನ್ನೂ ಸತ್ತಿಲ್ಲ ಅತ್ತೆ."

"ಅದ್ಕೇ ಕೊಡ್ತಾ ಇರಾದು. ಸತ್ಮೇಲೆ ಕೊಟ್ರೆ ನೀನು ಎದ್ದು ಇಸ್ಕತೀಯಾ? ಮದ್ವೇಲಿ ಜರಿ ಪೇಟ ಸುತ್ಕಂಡು ಕೂತಿದ್ದಲ್ಲ, ಅವತ್ತು ಮುಯ್ಯಿ ಇಸ್ಕಳಕ್ಕೆ ನಾಚ್ಕೆ ಆಗ್ಲಿಲ್ವಾ? ಅವತ್ತು ಬೇಕಿತ್ತೋ ಇವತ್ತು ಬೇಕೋ, ಯೋಳ್ಲಾ."

ದೊಡ್ಡತಾಯಮ್ಮ ಉತ್ತರಕ್ಕೆ ಕಾಯುವವರಲ್ಲ. ನಂಜನಗೂಡು ಕಡೆಯ, ಮೂಗೂರು ಕಡೆಯ ನಮ್ಮ ನೆಂಟರ ಮನೆಗಳಿಗೆಲ್ಲ ಹೇಳಿಕಳಿಸಿದರು, ಮಾದೇವನಿಗೆ ಮುಯ್ಯಿ ಮಾಡ್ತೀವಿ, ಹಣ್ಣು ತರಬೇಡಿ ಎಂದು. ಒಂದು ಭಾನುವಾರ ಜನ ಬಂದರು. ಅಂಗಳದಲ್ಲಿ ಚಾಪೆ ಹಾಸಿದೆವು. ಮದುವೆಯಲ್ಲಿ ಇಡುವ ಹಾಗೆಯೇ ಒಂದು ತಟ್ಟೆ ಇಟ್ಟರು. ಅರಿಶಿನ ಕುಂಕುಮ ಮಾತ್ರ ಇಡಲಿಲ್ಲ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತ ಕೂತಿದ್ದರು.

ಬರೆಯಲು ಯಾರೋ ಪೆನ್ನು ತೆಗೆದರು. ತಾಂಡವಪುರದ ಚಿಕ್ಕಪ್ಪ ಕೇಳಿಯೇಬಿಟ್ಟರು: "ಬರ್ಕಂಡ್ರೆ ಇದ್ನ ವಾಪಸ್ ಮಾಡಾದು ಯಾವಾಗ? ನಮ್ಮನೇಲೂ ಯಾರಾರ ಮಲಗ್ಲಿ ಅಂತ್ಲಾ?"

"ಬರೀಬ್ಯಾಡಿ," ಎಂದರು ದೊಡ್ಡತಾಯಮ್ಮ. "ಪೆನ್ನು ಮಡುಗ್ಲಾ. ಬರುದ್ರೆ ಸಾಲ ಆಯ್ತದೆ. ಇದು ಕೊಟ್ಟು ಮರೆಯಾದು. ಮರೆಯಕ್ಕೆ ಆಗ್ದೋರು ಎದ್ದೋಗಿ, ಕಾಪಿ ಕುಡ್ಕೊಂಡೋಗಿ."

ಕಾಫಿ ಎಲ್ಲರೂ ಕುಡಿದರು. ಎದ್ದು ಹೋದವರು ಕೆಲವರು. ಕೂತವರು ತಟ್ಟೆಗೆ ಹಾಕಿದರು. ಯಾರು ಎಷ್ಟು ಹಾಕಿದರು ಎಂದು ನನಗೆ ಇಂದಿಗೂ ಗೊತ್ತಿಲ್ಲ. ನನ್ನ ಗಂಡ ಒಳಗಿನಿಂದ ಹೊರಗೆ ಬರಲಿಲ್ಲ.

ವಾರಕ್ಕೆ ಎರಡು ಸಲದ ಡಯಾಲಿಸಿಸ್ ಮತ್ತೆ ಶುರುವಾಯಿತು. ಊತ ಇಳಿದು, ಕೆನ್ನೆಯ ಮೂಳೆ ಕಾಣಿಸಿ, ಮದುವೆಗೆ ಮುಂಚಿನ ಮುಖ ಮತ್ತೆ ಬಂತು. ಆದರೆ ಬಸ್ಸಿನ ಕಿಟಕಿಯ ಪಕ್ಕ ಕೂತಾಗ ನನ್ನ ತಲೆಯಲ್ಲಿ ಒಂದೇ ಯೋಚನೆ. ಈ ದುಡ್ಡಿಗೆ ಕೊನೆ ಇದೆ, ಯಾವಾಗಲೂ ಎಂಬುದಕ್ಕೆ ಇಲ್ಲ. ಆಸ್ಪತ್ರೆಯ ದಿನಗಳಲ್ಲಿ ಕೂಲಿಗೆ ಹೋಗಲಾಗುತ್ತಿರಲಿಲ್ಲ. ನಂಜನಗೂಡಿನಲ್ಲಿ ಮುಚ್ಚಿಹೋದ ಒಂದು ಹೋಟೆಲಿನವರು ಹಿಟ್ಟು ರುಬ್ಬುವ ಯಂತ್ರ ಮಾರುತ್ತಿದ್ದಾರೆ ಎಂದು ತಿಳಿಯಿತು. ಕೊಳ್ಳಲೇ ಎಂದು ಗಂಡನನ್ನು ಕೇಳಿದೆ.

"ನನ್ ಕೇಳ್ಬ್ಯಾಡ. ನಿನ್ ಕೈಗೆ ಕೊಟ್ಟವ್ರೆ, ನೀನೇ ನೋಡು," ಎಂದರು.

ಮುಯ್ಯಿಯ ದುಡ್ಡಿನಲ್ಲಿ ಅದನ್ನು ಕೊಂಡೆ.

ಸುದ್ದಿ ನನಗಿಂತ ಮೊದಲು ನೆಂಟರ ಮನೆ ಮುಟ್ಟಿತು. ಸಿದ್ದರಾಜು ಭಾವ ಬಾಗಿಲಲ್ಲೇ ನಿಂತು ಕೂಗಾಡಿದರು. "ನಾವು ಕೊಟ್ಟಿದ್ದು ನಮ್ ಹುಡ್ಗನ್ ಜೀವ ಉಳೀಲಿ ಅಂತ. ಇವ್ಳು ಗಂಡನ್ ಔಸ್ತಿ ದುಡ್ಡಲ್ಲಿ ರುಬ್ಬಕಲ್ಲು ತಂದವ್ಳೆ. ನಾಳೆ ಟಿವಿ ತತ್ತಾಳೆ!"

ಭಾವನಿಗೆ ಎದುರು ಮಾತಾಡುವ ಅಭ್ಯಾಸ ನನಗಿರಲಿಲ್ಲ. ಒಳಗಿದ್ದ ನನ್ನ ಗಂಡ ಗೋಡೆ ಹಿಡಿದುಕೊಂಡು ಹೊರಗೆ ಬಂದರು.

"ಅಣ್ಣ, ಕೊಟ್ಟು ಮರೀರಿ ಅಂತ ಅತ್ತೆ ಯೋಳಿತ್ತಲ್ಲ. ನೀನು ಒಸಿ ಬೇಗ ಮರೀಬೇಕಿತ್ತು." ಆಮೇಲೆ ದನಿ ತಗ್ಗಿಸಿ ಹೇಳಿದರು: "ಬರೀ ನನ್ಗೇ ಸುರುದ್ರೆ ನನ್ ಜತೇಲೆ ಖರ್ಚಾಗೋಯ್ತದೆ ಕಣಣ್ಣ. ಇವ್ರಿಬ್ರೂ ಉಣ್ಬೇಕಲ್ಲ."

ಭಾವ ಹೊರಟುಹೋದರು. ಮೂರ್ನಾಲ್ಕು ವಾರ ಬರಲಿಲ್ಲ.

ಕರೆಂಟು ಬಂದಾಗ ರುಬ್ಬುವುದು, ಹೋದಾಗ ಕಾಯುವುದು. ಇಡ್ಲಿ ಹಿಟ್ಟನ್ನು ಹುಲ್ಲಹಳ್ಳಿ ಬಸ್‌ಸ್ಟ್ಯಾಂಡಿನ ಎರಡು ಹೋಟೆಲಿಗೆ ಕೊಟ್ಟೆ. ಸಂತೆಯ ದಿನ ಮನೆಗಳಿಗೂ ಹೋಗುತ್ತಿತ್ತು. ಅವರು ಕೂತಲ್ಲೇ ಉದ್ದು ಆರಿಸಿಕೊಡುತ್ತಿದ್ದರು. ಮೈಸೂರಿಗೆ ಹೋಗುವ ದಿನ ಬೆಳಗಿನ ಬಸ್ಸಿನಲ್ಲಿ ಹಿಟ್ಟಿನ ಪಾತ್ರೆಗಳೂ ನಮ್ಮ ಜೊತೆ ಹತ್ತುತ್ತಿದ್ದವು. ಹೋಟೆಲಿನ ಹುಡುಗರು ಇಳಿಸಿಕೊಂಡರೆ ನಾವು ಹಾಗೇ ಮುಂದಕ್ಕೆ. ಬಸ್ ಚಾರ್ಜು, ಇಂಜೆಕ್ಷನ್ನು, ಪವಿತ್ರಳ ಹಾಲು ಅದರಲ್ಲಿ ನಡೆಯಿತು. ಮುಯ್ಯಿಯ ಉಳಿದ ದುಡ್ಡು ಡಯಾಲಿಸಿಸ್ ಬಾಬ್ತಿಗೆ ಮಾತ್ರ ಹೋಗುತ್ತ ನಾನು ಎಣಿಸಿದ್ದಕ್ಕಿಂತ ಬಹಳ ದೂರ ಬಂತು. ಎರಡು ಕಬ್ಬಿನ ಕಟಾವು ಕಳೆದವು. ಬಡವರ ಕೈಗೆ ದುಡ್ಡು ಕೊಟ್ಟರೆ ಹಾಳು ಮಾಡುತ್ತಾರೆ ಎಂದು ಈಗಲೂ ಓದಿದವರ ಬಾಯಲ್ಲಿ ಕೇಳುತ್ತೇನೆ. ನನಗೆ ವಾದ ಮಾಡಲು ಬರುವುದಿಲ್ಲ. ನನ್ನ ಮನೆಗೆ ಏನು ಬೇಕು ಎಂಬುದು ನನಗೆ ಗೊತ್ತಿತ್ತು, ಹಣ್ಣು ತಂದವರಿಗೆ ಗೊತ್ತಿರಲಿಲ್ಲ. ಅಷ್ಟೇ ವ್ಯತ್ಯಾಸ. ಅವರೇನೂ ಕೆಟ್ಟವರಲ್ಲ.

ಆದರೆ ಕಾಯಿಲೆ ಕಾಯಿಲೆಯೇ. ಎರಡನೆಯ ವರ್ಷದ ಮಳೆಗಾಲದಲ್ಲಿ ಜ್ವರ ಹಿಡಿಯಿತು. ರಕ್ತದಲ್ಲಿ ಇನ್‌ಫೆಕ್ಷನ್ ಎಂದರು. ಐಸಿಯುವಿನ ಬಾಗಿಲ ಗಾಜಿನಿಂದ ಕಾಲು ಮಾತ್ರ ಕಾಣುತ್ತಿತ್ತು.

ಊತ ಇರಲಿಲ್ಲ.

ಡಾಕ್ಟರು ಹೊರಗೆ ಬಂದು ನನ್ನ ಭುಜದ ಮೇಲೆ ಕೈಯಿಟ್ಟರು. ಹೇಳುವ ಮೊದಲೇ ನನಗೆ ತಿಳಿಯಿತು.

ಆಮೇಲಿನ ದಿನಗಳ ಬಗ್ಗೆ ಹೆಚ್ಚು ನೆನಪಿಲ್ಲ. ಹೋಟೆಲಿನವರು ಹಿಟ್ಟು ಕೇಳಿಕಳಿಸಿದಾಗ ಎದ್ದೆ. ಸಿದ್ದರಾಜು ಭಾವ ಈಗ ಸೈಕಲ್ಲಿನಲ್ಲಿ ಪಾತ್ರೆ ಸಾಗಿಸಿಕೊಡುತ್ತಾರೆ. ಆ ಹಳೆಯ ಮಾತನ್ನು ಇಬ್ಬರೂ ಎತ್ತುವುದಿಲ್ಲ. ಇಷ್ಟೆಲ್ಲ ಮಾಡಿಯೂ ಉಳಿಸಿಕೊಳ್ಳಲಾಗಲಿಲ್ಲವಲ್ಲ, ಅಷ್ಟು ಜನರ ದುಡ್ಡು ಏನಾಯಿತು ಎಂದು ನನ್ನನ್ನೇ ನಾನು ಕೇಳಿಕೊಂಡ ದಿನಗಳು ಬಹಳ. ಕೆಲವರು ಎದುರಿಗೇ ಕೇಳಿದ್ದಾರೆ.

ಮುಯ್ಯಿಯ ದುಡ್ಡಿನಲ್ಲಿ ಎಲ್ಲಕ್ಕಿಂತ ಮೊದಲು ಆದ ಕೆಲಸವನ್ನು ನಾನಿನ್ನೂ ಹೇಳಿಲ್ಲ. ಅವರ ಎಡ ಮುಂಗೈಯಲ್ಲಿ ಒಂದು ಸಣ್ಣ ಆಪರೇಷನ್ ಮಾಡಿ ಎರಡು ರಕ್ತನಾಳಗಳನ್ನು ಕೂಡಿಸಿದ್ದರು. ಡಯಾಲಿಸಿಸ್ ಸೂಜಿ ಹಾಕಲು ಹಾಗೆ ಮಾಡುತ್ತಾರೆ, ಫಿಸ್ಟುಲಾ ಎನ್ನುತ್ತಾರೆ. ಅಲ್ಲಿ ರಕ್ತ ಜೋರಾಗಿ ಹರಿಯುವುದರಿಂದ ಒಳಗೆ ಜುಂ ಎಂದು ಸದ್ದು ಬರುತ್ತಿರುತ್ತದೆ. ಮುಟ್ಟಿದರೆ ಬೆರಳಿಗೂ ತಿಳಿಯುತ್ತದೆ. ಆ ಸದ್ದು ನಿಂತರೆ ತಕ್ಷಣ ಬನ್ನಿ ಎಂದು ಡಾಕ್ಟರು ಹೇಳಿದ್ದರಿಂದ ನಾನು ದಿನವೂ ಭಯದಲ್ಲೇ ಮುಟ್ಟಿ ನೋಡುತ್ತಿದ್ದೆ. ಪವಿತ್ರಳಿಗೆ ಭಯವಿರಲಿಲ್ಲ. ಅವಳು ಆ ಕೈಗೆ ಕಿವಿ ಕೊಟ್ಟು ಅಪ್ಪನ ಪಕ್ಕ ನಿದ್ದೆ ಹೋಗುತ್ತಿದ್ದಳು.

ಕಾಯಿಲೆ ಗೊತ್ತಾದಾಗ ಅವಳು ಎರಡು ವರ್ಷದ ಮಗು. ಆ ಎಳನೀರಿನ ಸಂಜೆಯೇ ಅವರು ಹೋಗಿದ್ದರೆ ಅವಳಿಗೆ ಅಪ್ಪ ಎಂದರೆ ಗೋಡೆಯ ಫೋಟೋ ಆಗಿರುತ್ತಿತ್ತು. ಅವರು ಹೋದಾಗ ನಾಲ್ಕು ತುಂಬುತ್ತ ಬಂದಿತ್ತು.

ಮೊನ್ನೆ ಹಿಟ್ಟು ರುಬ್ಬಿ ಬಂದು ಅವಳ ಪಕ್ಕ ಮಲಗಿದೆ. ನನ್ನ ಎಡಗೈ ಎಳೆದುಕೊಂಡು ಮುಂಗೈಗೆ ಕಿವಿ ಇಟ್ಟಳು. ಸ್ವಲ್ಪ ಹೊತ್ತು ಕೇಳಿದಳು. ಬಲಗೈ ಎಳೆದುಕೊಂಡು ಅದನ್ನೂ ಕೇಳಿದಳು.

"ಅವ್ವ, ನಿನ್ ಕೈಲಿ ಸದ್ದೇ ಬರಲ್ವಲ್ಲ, ಅಪ್ಪುಂದು ಬತ್ತಿತ್ತು."

"ಬತ್ತಿತ್ತಾ? ಎಂಗೆ?"

ಬಾಯಿ ಮುಚ್ಚಿಕೊಂಡು ಗಂಟಲಿನಲ್ಲೇ ಅದನ್ನು ಮಾಡಿ ತೋರಿಸಿದಳು. ಸರಿಯಾಗಿತ್ತು.