ಒಂದು ಕಮಾನು ಪಟ್ಟಿ ಹೆಚ್ಚಿಗೆ

ನಮ್ಮ ಪಿಕಪ್ ಗಾಡಿಯ ಹಿಂದಿನ ಚಕ್ರಗಳ ಮೇಲಿನ ಸ್ಪ್ರಿಂಗ್ ಕಟ್ಟಿಗೆ ಒಂದೊಂದು ಕಮಾನು ಪಟ್ಟಿ ಹೆಚ್ಚಿಗೆ ಹಾಕಿಸಿದವನು ನಾನು. ಇಷ್ಟು ಖಚಿತ. ಉಳಿದದ್ದನ್ನು ಮನೆಯಲ್ಲಿ, ನೆಂಟರಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಹೇಳಿದ ಹಾಗೆಲ್ಲ ಕಥೆಯೊಳಗೆ ನಾನು ಸ್ವಲ್ಪ ಸ್ವಲ್ಪವೇ ಒಳ್ಳೆಯವನಾಗುತ್ತ ಬಂದಿದ್ದೇನೆ. ಅದು ಗೊತ್ತಾದ ಮೇಲೆ ಹೇಳುವುದಕ್ಕೇ ಬೇಸರ ಬಂದಿದೆ. ಬರೆದರೆ ಹೇಗಿರುತ್ತದೋ ನೋಡಬೇಕು.

ವಸ್ತ್ರಾಪುರದಲ್ಲಿ ನಮ್ಮದೊಂದು ಉಡುಪಿ ಹೋಟೆಲು. ಅಪ್ಪ ಶುರು ಮಾಡಿದ್ದು, ಈಗ ಅಣ್ಣ ನಡೆಸುತ್ತಾನೆ. ಹೋಟೆಲಿಗೆ ಬೇಕಾದ ಹಿಟ್ಟು ಅಡುಗೆ ಭಟ್ಟರ ಜವಾಬ್ದಾರಿ. ಅದಲ್ಲದೆ ಊರಿನ ಇನ್ನೊಂದು ತುದಿಯ ವಟ್ವಾದ ಒಂದು ಬಣ್ಣದ ಕಾರ್ಖಾನೆಯ ಕ್ಯಾಂಟೀನಿಗೆ ದಿನಾ ಬೆಳಿಗ್ಗೆ ಇಡ್ಲಿ ಹಿಟ್ಟು, ಸಾಂಬಾರು, ಚಟ್ನಿ ಹೋಗುತ್ತದೆ. ಇಡ್ಲಿ ಬೇಯುವುದು ಅಲ್ಲೇ. ಆ ಹಿಟ್ಟು ಮಾತ್ರ ಅತ್ತಿಗೆಯದು. ನೆನೆಹಾಕುವುದು, ರುಬ್ಬುವುದು, ಉಪ್ಪು ಹಾಕಿ ಕೈಯಿಂದ ಕಲಸಿ ಮುಚ್ಚುವುದು ಎಲ್ಲ ಅವರೇ. ಮದುವೆಯಾಗಿ ಈ ಊರಿಗೆ ಬಂದು ಹದಿನೈದು ವರ್ಷ ಅಣ್ಣನ ಗಲ್ಲಾದ ಹಿಂದೆ ತರಕಾರಿ ಹೆಚ್ಚಿದ ಮೇಲೆ ಅವರಿಗೆ ಸಿಕ್ಕಿದ, ತಮ್ಮದು ಅನ್ನಬಹುದಾದ ಕೆಲಸ ಅದೊಂದೇ. ನನಗೆ ಬೋಡಕ್‌ದೇವ್‌ನ ಒಂದು ಆಫೀಸಿನಲ್ಲಿ ನೌಕರಿ. ಅದಕ್ಕೆ ಮೊದಲು, ಐದರಿಂದ ಎಂಟೂವರೆಯವರೆಗೆ, ನಾನು ಡ್ರೈವರ್.

ವಟ್ವಾದೊಳಗಿನ ರಸ್ತೆಗೆ ರಸ್ತೆ ಎನ್ನುವುದು ಬರೀ ಅಭ್ಯಾಸ. ಹಿಟ್ಟು, ಸಾಂಬಾರಿನ ಡ್ರಮ್ಮುಗಳ ಭಾರಕ್ಕೆ ಗಾಡಿಯ ಹಿಂಭಾಗ ಕುಸಿದು, ಹಳ್ಳ ಸಿಕ್ಕಾಗಲೆಲ್ಲ ಟೈರು ಮಡ್‌ಗಾರ್ಡಿಗೆ ಉಜ್ಜುತ್ತಿತ್ತು, ಸೈಲೆನ್ಸರ್ ನೆಲಕ್ಕೆ ತಾಗುತ್ತಿತ್ತು. ಹಿಂದಿನ ಮಳೆಗಾಲದಲ್ಲಿ ಎರಡು ಸಲ ನೀರಿನ ಮಧ್ಯೆ ನಿಂತದ್ದೂ ಆಯಿತು. ಟೈರು ಬೇರೆ ನುಣ್ಣಗಾಗಿತ್ತು. ಅಣ್ಣ ಒಂದಿಷ್ಟು ಹಣ ಕೈಗಿಟ್ಟು, ಮಳೆ ಬರುವ ಮೊದಲು ಟೈರೂ ಆಗಬೇಕು, ಗಾಡಿಯೂ ಎತ್ತರ ಆಗಬೇಕು, ಇದರ ಮೇಲೆ ಕೇಳಬೇಡ ಅಂದ.

ಮೊದಲು ಹೋದದ್ದು ಆಫೀಸಿನ ಹತ್ತಿರದ ಒಂದು ಅಂಗಡಿಗೆ. ಕೆಸರನ್ನೇ ಕಾಣದ ದೊಡ್ಡ ದೊಡ್ಡ ಗಾಡಿಗಳನ್ನು ಹುಡುಗರು ತಂದು ಅಲ್ಲಿ ಎತ್ತರ ಮಾಡಿಸುತ್ತಾರೆ. ಅಂಗಡಿಯವನು ಲಿಫ್ಟ್ ಕಿಟ್ ಎಂದು ಕೆಂಪು ಬಣ್ಣದ ಸ್ಪ್ರಿಂಗು, ಶಾಕ್ ಅಬ್ಸಾರ್ಬರು ತೋರಿಸಿದ. ಬೆಲೆ ಕೇಳಿ, ಚಹಾ ಕುಡಿದು ಹೊರಗೆ ಬಂದೆ. ಚಹಾ ಚೆನ್ನಾಗಿತ್ತು.

ಆಮೇಲೆ ಸೂರತ್ತು. ಅಲ್ಲಿರುವ ನಮ್ಮ ಸೋದರಮಾವನ ಹೋಟೆಲಿನಿಂದ ಹಳೆಯ ಗ್ರೈಂಡರ್ ಒಂದನ್ನು ತರುವುದಿತ್ತು, ಪಿಕಪ್ಪಿನಲ್ಲೇ ಹೋದೆ. ಮಾವ ಗಾಡಿಯ ಸುತ್ತ ಒಂದು ಸುತ್ತು ಬಂದು, ಟೈರನ್ನು ಚಪ್ಪಲಿಯಿಂದ ಒದ್ದು ನೋಡಿದರು. ನಾನು ಮೃದು ಓಟದ ರೇಡಿಯಲ್ ಟೈರಿನ ವಿಷಯ ತೆಗೆದೆ. ನೈಲಾನ್ ಟೈರು ಗಡಸು, ಆದರೆ ಅಗ್ಗ, ಭಾರ ತಡೆಯುತ್ತದೆ.

"ರೇಡಿಯಲ್ ಎಲ್ಲ ಕಾರಿನವರಿಗೆ ಮಾರಾಯ," ಅಂದರು ಮಾವ. "ನೀನು ಕೂರಿಸಿಕೊಂಡು ಹೋಗುವುದು ಮದುಮಗಳನ್ನಲ್ಲ, ಡ್ರಮ್ಮು. ನೈಲಾನ್ ಹಾಕು, ಗಾಳಿ ಗಟ್ಟಿ ಹೊಡೆಸು."

ಹಿಂದಿನ ಎರಡಕ್ಕೂ ದಪ್ಪನೆಯ ನೈಲಾನ್ ಟೈರು ಅಲ್ಲೇ ಹಾಕಿಸಿದೆ. ಮುಂದಿನವಕ್ಕೆ ಹಳೇ ಟೈರಿಗೆ ಹೊಸ ರಬ್ಬರು ಹತ್ತಿಸಿ ರೀಸೋಲ್ ಮಾಡಿದ್ದು. ಹಣ ಉಳಿಯಿತು. ಉಳಿದ ಹಣ ಮನುಷ್ಯನನ್ನು ಜಾಣನನ್ನಾಗಿ ಮಾಡುತ್ತದೆ. ವಾಪಸು ಬರುವ ದಾರಿಯುದ್ದಕ್ಕೂ ನಾನು ಜಾಣನಾಗಿದ್ದೆ.

ವಡೋದರಾದಲ್ಲಿ ಹೆದ್ದಾರಿ ಪಕ್ಕದ ಕಮಾನು ರಿಪೇರಿಯವನ ಹತ್ತಿರ ನಿಲ್ಲಿಸಿದೆ. ಆಗ ಮಳೆ ಬರುತ್ತಿತ್ತು, ತಗಡಿನ ಮಾಡಿನ ಮೇಲೆ ಸದ್ದಾಗುತ್ತಿತ್ತು ಎಂದು ನನಗೆ ಸ್ಪಷ್ಟವಾಗಿ ನೆನಪಿದೆ. ಮಳೆಗಾಲಕ್ಕೆ ಮೊದಲೇ ಹೋದವನಿಗೆ ಮಳೆ ಎಲ್ಲಿಂದ ಬಂತು? ಆ ಸದ್ದು ಸುತ್ತಿಗೆಯದ್ದಿರಬೇಕು. ಇನ್ನು ಮೇಲೆ ನಾನು ಬರೆಯುವುದಕ್ಕೂ ಇಷ್ಟೇ ಬೆಲೆ ಕೊಡಿ.

ರಿಪೇರಿಯವನು ವಯಸ್ಸಾದ ಮನುಷ್ಯ. ಲಿಫ್ಟ್ ಕಿಟ್ಟೆಲ್ಲ ಬೇಡ, ಕಟ್ಟಿನಲ್ಲಿ ಇನ್ನೊಂದು ಪಟ್ಟಿ ಸೇರಿಸಿದರೆ ನಾಲ್ಕು ಬೆರಳು ಏಳುತ್ತದೆ ಅಂದ. ಒಡೆದು ಗುಜರಿಗೆ ಬಂದ ಲಾರಿಗಳ ಪಟ್ಟಿಗಳು ಅವನ ಹಿಂದೆ ರಾಶಿ ಬಿದ್ದಿದ್ದವು. ಕೆಲಸಕ್ಕೆ ಕೈ ಹಾಕುವ ಮೊದಲು ಅವನು ನನ್ನನ್ನು ಒಂದೇ ಪ್ರಶ್ನೆ ಕೇಳಿದ: ಏನು ಹೇರುತ್ತೀರಿ? ಡ್ರಮ್ಮಿನಲ್ಲಿ ತುಳುಕುವಂಥದ್ದು, ಚೆಲ್ಲದಿದ್ದರೆ ಸಾಕು ಅಂದೆ. ಹಾಗಾದರೆ ಗಟ್ಟಿ ಕಮಾನೇ ಒಳ್ಳೆಯದು, ತಿರುವಿನಲ್ಲಿ ಗಾಡಿ ವಾಲುವುದಿಲ್ಲ ಅಂದ. ಅವನು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಲ್ಲ. ಅವತ್ತಿನಿಂದ ಒಂದು ಹನಿಯೂ ಚೆಲ್ಲಲಿಲ್ಲ.

ಆದರೆ ಉಬ್ಬಿದ ಹಿಟ್ಟನ್ನು ಕದಡಬಾರದು. ಇದು ನಮ್ಮಲ್ಲಿ ನಡೆಯಲು ಕಲಿತ ಮಗುವಿಗೂ ಗೊತ್ತು. ಬೆಳಿಗ್ಗೆ ಮುಚ್ಚಳ ತೆಗೆದವರು ಸೌಟನ್ನು ಅಂಚಿನಿಂದ ಮೆಲ್ಲನೆ ಇಳಿಸುತ್ತಾರೆ. ಸೌಟು ತಿರುಗಿಸಿದರೆ ಒಳಗಿನ ಗಾಳಿ ಹೋಗಿ ಹಿಟ್ಟು ಕೂತುಬಿಡುತ್ತದೆ, ಇಡ್ಲಿ ಏಳುವುದಿಲ್ಲ. ಅದೇ ಹಿಟ್ಟನ್ನು ನಾನು ಗಡಸು ಟೈರಿನ, ಗಟ್ಟಿ ಕಮಾನಿನ ಗಾಡಿಯಲ್ಲಿಟ್ಟು ವಟ್ವಾದ ಹಳ್ಳಗಳಲ್ಲಿ ಮುಕ್ಕಾಲು ಗಂಟೆ ಕುಲುಕಿಸಿಕೊಂಡು ಹೋದೆ. ಟೈರು ಆರಿಸುವಾಗ ನನ್ನ ತಲೆಯಲ್ಲಿದ್ದದ್ದು ಭಾರ, ನೀರು, ಹಳ್ಳ, ಬೆಲೆ. ಹಿಟ್ಟು ಇರಲೇ ಇಲ್ಲ.

ಮೂರನೆಯ ದಿನ ಕ್ಯಾಂಟೀನಿನ ಮೇಲ್ವಿಚಾರಕ ಒಂದು ಇಡ್ಲಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ಇದು ಇಡ್ಲಿಯೋ ಥೇಪ್ಲಾನೋ ಎಂದು ಕೇಳಿದ. ಥೇಪ್ಲಾ ಎಂದರೆ ಇಲ್ಲಿಯವರ ತೆಳ್ಳನೆಯ ರೊಟ್ಟಿ. ಸುತ್ತ ಇದ್ದವರು ನಕ್ಕರು. ನಾನೂ ನಕ್ಕು, ಮನೆಗೆ ಬಂದು ಅದನ್ನು ಹಾಗೇ ಹೇಳಿದೆ. ಅತ್ತಿಗೆ ನಗಲಿಲ್ಲ.

ಮರುದಿನದಿಂದ ಅವರು ಉದ್ದಿನಬೇಳೆಯ ಅಂಗಡಿ ಬದಲಿಸಿದರು. ಮೆಂತ್ಯ ಸೇರಿಸಿದರು. ಉಪ್ಪನ್ನು ತಡವಾಗಿ ಹಾಕಿ ನೋಡಿದರು, ಮೊದಲೇ ಹಾಕಿ ನೋಡಿದರು. ಡ್ರಮ್ಮಿಗೆ ತಮ್ಮದೇ ಹಳೇ ಸೀರೆ ಸುತ್ತಿದರು. ಮನೆಯಲ್ಲಿ ಹಿಟ್ಟು ಉಬ್ಬುತ್ತಿತ್ತು, ಕ್ಯಾಂಟೀನಿನಲ್ಲಿ ಇಡ್ಲಿ ಚಪ್ಪಟೆಯಾಗುತ್ತಿತ್ತು. ಹೋಟೆಲಿನಲ್ಲಿ ಭಟ್ಟರ ಇಡ್ಲಿ ಎಂದಿನಂತೆ ಹೂವಿನ ಹಾಗೆ ಏಳುತ್ತಿತ್ತು. ಅಣ್ಣನಿಗೆ ಅಷ್ಟು ಸಾಕಾಯಿತು. ಊಟದ ಮಧ್ಯೆ, ಅತ್ತಿಗೆ ಬಡಿಸುತ್ತಿರುವಾಗಲೇ, "ಇವಳ ಕೈಗುಣ ಹೋಗಿದೆ ಅಂತ ಕಾಣ್ತದೆ," ಅಂದ. ಸೂರತ್ತಿನ ಮಾವನಿಗೆ ಫೋನು ಮಾಡಿ ಅವರಲ್ಲಿದ್ದ ಒಬ್ಬ ಅಡುಗೆಯವನನ್ನು ಕೇಳಿದ. ಅವನು ಭಾನುವಾರ ಬರುವುದೆಂದಾಯಿತು. ಕ್ಯಾಂಟೀನಿನ ಹಿಟ್ಟು ಇನ್ನು ಅವನದು, ಅತ್ತಿಗೆ ಮತ್ತೆ ತರಕಾರಿಗೆ.

ನಾನು ಹೇಳುವ ಕಥೆಯಲ್ಲಿ, ಶುಕ್ರವಾರ ಬೆಳಿಗ್ಗೆ ಅತ್ತಿಗೆ ಗಾಡಿಯ ಹಿಂದೆ ಹತ್ತಿ ಕೂತದ್ದರಿಂದ ನಮಗಿಬ್ಬರಿಗೂ ಒಟ್ಟಿಗೇ ವಿಷಯ ತಿಳಿಯಿತು. ಅಲ್ಲ. ನಾನು ಸೋಮವಾರವೇ ನೋಡಿದ್ದೆ. ಕ್ಯಾಂಟೀನಿನಲ್ಲಿ ಡ್ರಮ್ಮಿನ ಮುಚ್ಚಳ ತೆಗೆದಾಗ ಒಳಗಿನ ಗೋಡೆಯಲ್ಲಿ, ಹಿಟ್ಟಿಗಿಂತ ನಾಲ್ಕು ಬೆರಳು ಮೇಲೆ, ಒಣಗಿದ ಬಿಳಿ ಗೆರೆ ಇತ್ತು. ಹಿಟ್ಟು ಅಲ್ಲಿಯವರೆಗೆ ಎದ್ದು, ದಾರಿಯಲ್ಲಿ ಇಳಿದಿತ್ತು. ಅದನ್ನು ಓದಲು ಯಾವ ವಿದ್ಯೆಯೂ ಬೇಡ. ಓದಿದೆ, ಮುಚ್ಚಳ ಹಾಕಿದೆ. ಅಣ್ಣನ ಹಣ ಮುಗಿದಿತ್ತು, ಲಿಫ್ಟ್ ಕಿಟ್ಟಿನ ದುಡ್ಡು ಉಳಿಸಿದೆನೆಂದು ಎಲ್ಲರ ಹತ್ತಿರ ಹೇಳಿಕೊಂಡಾಗಿತ್ತು. ಇನ್ನೊಂದು ದಿನ ನೋಡೋಣ ಅಂದುಕೊಂಡೆ. ಬೆಳಿಗ್ಗೆ ಐದಕ್ಕೆ ಗಾಡಿ ಹತ್ತುವವನಿಗೆ ಸುಮ್ಮನಿರುವುದು ಬಹಳ ಸುಲಭ. ಅದಕ್ಕೆ ದಣಿವು ಎಂದು ಹೆಸರಿಡಬಹುದು.

ಶುಕ್ರವಾರ ವಟ್ವಾದೊಳಗೆ ಬಂದ ಮೇಲೆ ಅತ್ತಿಗೆ ಹಿಂದಿನ ಗಾಜು ತಟ್ಟಿದರು. ನಿಲ್ಲಿಸಿ ಇಳಿದು ಹೋದೆ. ಅವರು ಅಕ್ಕಿ ಚೀಲದ ಮೇಲೆ ಕೂತು, ಒಂದು ಕೈಯಲ್ಲಿ ಗಾಡಿಯ ಸರಳು, ಇನ್ನೊಂದರಲ್ಲಿ ಡ್ರಮ್ಮಿನ ಮುಚ್ಚಳ ಹಿಡಿದಿದ್ದರು. ಸೆರಗಿನ ತುಂಬ ಸಾಂಬಾರಿನ ವಾಸನೆ.

"ಇಲ್ಲಿ ನೋಡು. ಹೊರಡುವಾಗ ಇಲ್ಲಿತನಕ ಇತ್ತು," ಎಂದು ಬೆರಳಿಟ್ಟು ತೋರಿಸಿದರು. ಆಮೇಲೆ, ಯಾರೋ ಕೇಳಿಸಿಕೊಂಡಾರು ಎಂಬ ಹಾಗೆ ಸಣ್ಣಗೆ, "ನನ್ನ ಕೈ ಅಲ್ಲ ಅಲ್ವಾ?"

"ಅಲ್ಲ ಅತ್ತಿಗೆ. ಗಾಡಿ."

"ನಿನಗೆ ಗೊತ್ತಿತ್ತಾ ಮೊದಲೇ?"

"ಇಲ್ಲ, ಈಗಲೇ ನೋಡಿದ್ದು," ಅಂದೆ.

ಅವರು ನನ್ನ ಮುಖ ನೋಡಿದರು ಎಂದು ಬರೆಯಬೇಕು ಅನಿಸುತ್ತದೆ. ನೋಡಿದ್ದು ನೆನಪಿಲ್ಲ. ಮುಚ್ಚಳ ಹಾಕಿ, "ಮೆಲ್ಲ ಹೋಗು," ಅಂದದ್ದು ನೆನಪಿದೆ.

ಆ ದಿನ ಮಧ್ಯಾಹ್ನ ಅಣ್ಣನಿಗೆ ಹೇಳಿದವರು ಅವರೇ. ನಾನು ಪಕ್ಕದಲ್ಲಿ ನಿಂತು ತಲೆಯಾಡಿಸಿದೆ. ಅಣ್ಣ ನಕ್ಕು, "ಹಾಗಾದ್ರೆ ಗಾಡಿಗೇ ಕೈಗುಣ ಇಲ್ಲ," ಅಂದ. ಸೂರತ್ತಿಗೆ ಫೋನು ಮಾಡಿ ಅಡುಗೆಯವನು ಬೇಡ ಅಂದ. ಊಟದ ಮಧ್ಯೆ ಆಡಿದ ಮಾತನ್ನು ವಾಪಸು ತೆಗೆದುಕೊಳ್ಳಲಿಲ್ಲ. ಅದು ಅವನಿಗೆ ನೆನಪೇ ಇರಲಿಕ್ಕಿಲ್ಲ.

ಸೇರಿಸಿದ ಪಟ್ಟಿಗಳನ್ನು ಇಲ್ಲೇ ಒಬ್ಬನ ಹತ್ತಿರ ತೆಗೆಸಿದೆ. ಟೈರು ಬದಲಿಸುವುದು ಆಗುವ ಮಾತಲ್ಲ. ಗಾಳಿ ಸ್ವಲ್ಪ ಇಳಿಸಿ, ಡ್ರಮ್ಮಿನ ಅಡಿಗೆ ಹಳೇ ಹಾಸಿಗೆ ಮಡಚಿ ಹಾಕಿದ್ದೇವೆ. ಗಾಡಿ ಮತ್ತೆ ನೆಲಕ್ಕೆ ತಾಗುತ್ತದೆ. ಮೊದಲಿಗಿಂತ ಅರ್ಧ ಗಂಟೆ ಮುಂಚೆ ಹೊರಟು, ಹಳ್ಳ ಕಂಡಲ್ಲೆಲ್ಲ ಸೈಕಲ್ಲಿನ ವೇಗಕ್ಕಿಳಿಯುತ್ತೇನೆ. ಹಿಂದಿನವರು ಹಾರ್ನ್ ಹೊಡೆಯುತ್ತಾರೆ. ಇಡ್ಲಿ ಏಳುತ್ತದೆ. ಮೇಲ್ವಿಚಾರಕ ಏನೂ ಹೇಳುವುದಿಲ್ಲ.

ಅತ್ತಿಗೆ ಮೊದಲು ಯಾರನ್ನೂ ಹಿಟ್ಟಿನ ಹತ್ತಿರ ಬಿಡುತ್ತಿರಲಿಲ್ಲ. ಈಗ ಬೆಳಿಗ್ಗೆ ಡ್ರಮ್ಮನ್ನು ಗಾಡಿಗೆ ಏರಿಸುವ ಮೊದಲು ಮುಚ್ಚಳ ತೆಗೆದು, ಅಲ್ಲಿ ಯಾರಿದ್ದರೂ ಕರೆಯುತ್ತಾರೆ. ಹೆಚ್ಚಾಗಿ ಅಲ್ಲಿರುವವನು ನಾನೇ. "ಉಬ್ಬಿ ಬಂದಿದೆಯಾ ನೋಡು," ಅನ್ನುತ್ತಾರೆ. ಬಂದದ್ದು ಅವರಿಗೆ ನನಗಿಂತ ಚೆನ್ನಾಗಿ ಕಾಣುತ್ತದೆ. ಆದರೂ ನಾನು ಬಗ್ಗಿ ನೋಡಬೇಕು, ಬಂದಿದೆ ಅತ್ತಿಗೆ ಎಂದು ಬಾಯಿ ಬಿಟ್ಟು ಹೇಳಬೇಕು. ಹೇಳುವ ತನಕ ಅವರು ಮುಚ್ಚಳ ಹಾಕುವುದಿಲ್ಲ.