ಅಬ್ಬಲಿಗಿ ಬಣ್ಣದ ಪಡಸಾಲೆ

ಪುಣೆಯ ಖಡಕಿಯಲ್ಲಿ, ಅಪ್ಪ ಕೆಲಸ ಮಾಡುತ್ತಿದ್ದ ಸರಕಾರಿ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ನಾವಿದ್ದಷ್ಟು ವರ್ಷ ಗೋಡೆಯ ಬಣ್ಣ ನಮ್ಮ ಕೈಯಲ್ಲಿರಲಿಲ್ಲ. ಕಾರ್ಖಾನೆಯವರು ಆಗೊಮ್ಮೆ ಈಗೊಮ್ಮೆ ಆಳುಗಳನ್ನು ಕಳಿಸಿ, ಸಾಲಿನ ಎಲ್ಲ ಮನೆಗಳಿಗೂ ಹಳದಿ ಬೆರೆತ ಒಂದೇ ಬಿಳಿಯನ್ನು ಬಳಿಸುತ್ತಿದ್ದರು. ಬಾಗಿಲು, ಕಿಟಕಿಗಳಿಗೆ ಹಸಿರು. ಗೆಳತಿಯ ಮನೆಗೆ ಹೋದರೂ ನಮ್ಮ ಮನೆಯಲ್ಲೇ ಕೂತಂತೆ ಅನಿಸುತ್ತಿತ್ತು. ಆ ಗೋಡೆಗೆ ಒಂದು ಮೊಳೆ ಹೊಡೆಯಲೂ ಅಪ್ಪ ಬಿಡುತ್ತಿರಲಿಲ್ಲ. "ಸರಕಾರದ ಗ್ವಾಡಿ ಅದು" ಎನ್ನುತ್ತಿದ್ದರು, ಗೋಡೆಗೆ ನೋವಾದೀತು ಎಂಬಂತೆ.

ನಮ್ಮ ಮನೆಯ ಬಣ್ಣವೆಲ್ಲ ಅವ್ವನ ಟ್ರಂಕಿನಲ್ಲಿತ್ತು. ಧಾರವಾಡದಿಂದ ತಂದ ಇಳಕಲ್ ಸೀರೆಗಳನ್ನು ಅವಳು ವರ್ಷಕ್ಕೊಮ್ಮೆ ತೆಗೆದು ಗಾಳಿಗೆ ಹಾಕುತ್ತಿದ್ದಳು. ಅಣ್ಣ ಬ್ಯಾಟು ಹಿಡಿದು ಮೈದಾನಕ್ಕೆ ಓಡುತ್ತಿದ್ದ. ನಾನು ಟ್ರಂಕಿನ ಪಕ್ಕ ಕೂತಿರುತ್ತಿದ್ದೆ.

"ಇದು ಯಾವ ಬಣ್ಣ ಹೇಳು."

"ಕೆಂಪು."

"ಕೆಂಪಲ್ಲ, ದಾಳಂಬರಿ. ಕೆಂಪಂದ್ರ ಕುಂಕುಮ. ದಾಳಂಬರಿ ಹಣ್ಣು ತಿಂದಿಲ್ಲೇನು ನೀ?"

ಹೀಗೆ ನೀರಲಹಣ್ಣು, ಗಿಣಿ ಹಸರು, ನವಿಲಿನ ಕೊರಳು. ಎಲ್ಲಕ್ಕಿಂತ ಕೆಳಗೆ, ಹಳೆಯ ಪಂಚೆಯಲ್ಲಿ ಸುತ್ತಿಟ್ಟದ್ದು ಅಬ್ಬಲಿಗಿ. ಅಬ್ಬಲಿಗಿ ಎಂದರೆ ಕನಕಾಂಬರ ಹೂವು. ಅವ್ವನ ಅಬ್ಬಲಿಗಿ ಕಿತ್ತಳೆಗಿಂತ ಗಾಢ. ಒಲೆಯಲ್ಲಿ ಉರಿ ಇಳಿದ ಮೇಲೆ ಕೆಂಡಕ್ಕಿರುವ ಬಣ್ಣ. ಅದು ಅವಳ ಮದುವೆಯ ಸೀರೆ.

ಹೊರಗೆ ನಮಗೆ ಮರಾಠಿ, ಶಾಲೆಯಲ್ಲಿ ಇಂಗ್ಲಿಷು. ಈ ಶಬ್ದಗಳು ಮಾತ್ರ ನಮ್ಮಿಬ್ಬರಲ್ಲೇ ಓಡಾಡುತ್ತಿದ್ದವು. ಪದವಿ ಮುಗಿಸಿ ಒಳಾಂಗಣ ವಿನ್ಯಾಸ ಕಲಿಯಲು ಹೋದಾಗ ಬಣ್ಣದ ಚಕ್ರವನ್ನೂ ಅದರ ಇಂಗ್ಲಿಷ್ ಹೆಸರುಗಳನ್ನೂ ಬಾಯಿಪಾಠ ಮಾಡಿದೆ. ಆದರೆ ಪರೀಕ್ಷೆಯ ಹಾಳೆಯ ಮೇಲೆ ಬಣ್ಣ ಕಲಸುವಾಗ ಮೊದಲು ನೆನಪಾಗುತ್ತಿದ್ದದ್ದು ಟ್ರಂಕು.

ಅಪ್ಪ ನಿವೃತ್ತರಾದ ವರ್ಷ ಪುಣೆಯಲ್ಲೇ, ಎರಂಡವಣೆಯಲ್ಲಿ ಹಳೆಯ ಬಂಗಲೆಯೊಂದರ ಕೆಳಗಿನ ಭಾಗವನ್ನು ಕೊಂಡರು. ಗೋಡೆಯ ಗಿಲಾವು ಉದುರಿತ್ತು, ಅಡುಗೆಮನೆಯ ನೆಲ ಎದ್ದಿತ್ತು. ಕ್ವಾರ್ಟರ್ಸು ಬಿಡಲು ಕೆಲವು ತಿಂಗಳ ಅವಕಾಶವಿದ್ದುದರಿಂದ ಅಷ್ಟರಲ್ಲಿ ಮನೆಯನ್ನು ಸರಿಮಾಡಿಸಬೇಕಾಗಿತ್ತು. ನಾನಾಗ ಒಬ್ಬ ಆರ್ಕಿಟೆಕ್ಟರ ಆಫೀಸಿನಲ್ಲಿ ಎಲ್ಲರಿಗಿಂತ ಕಿರಿಯವಳು. ಇನ್ನೊಬ್ಬರ ಪಡಸಾಲೆಗೆ ನಾನು ಬರೆದ ನಕ್ಷೆಯ ಮೇಲೆ ಮೊದಲು ಸಾಹೇಬರ ಪೆನ್ಸಿಲು ಓಡುತ್ತಿತ್ತು, ಆಮೇಲೆ ಆ ಮನೆಯವರದು. ಕೊನೆಗೆ ನನ್ನದು ಅಂತ ಉಳಿಯುತ್ತಿದ್ದದ್ದು ಅಳತೆ ಮಾತ್ರ. ಎರಂಡವಣೆಯ ಪಡಸಾಲೆಯನ್ನು ಮೊದಲಿನಿಂದ ಕೊನೆಯವರೆಗೆ ನಾನೇ ಮಾಡಬೇಕೆಂದುಕೊಂಡಿದ್ದೆ. ಅದನ್ನು ಬಾಯಿಬಿಟ್ಟು ಯಾರಿಗೂ ಹೇಳಲಿಲ್ಲ. ಹೇಳಬೇಕಾದೀತು ಎಂದು ಅನಿಸಿರಲೂ ಇಲ್ಲ.

ಅದರ ಹಿಂದಿನ ವರ್ಷ ಅಣ್ಣನ ಮದುವೆಯಾಗಿತ್ತು. ವೈನಿ, ಎಂದರೆ ಅತ್ತಿಗೆ, ಅವನ ಬ್ಯಾಂಕಿನಲ್ಲೇ ಕೆಲಸ ಮಾಡುವವಳು, ಮರಾಠಿಯವಳು, ಮಾತುಗಾರ್ತಿ. ಗಂಡನ ತಂಗಿಯನ್ನು ಹಳೆಯ ಕಾಲದ ಮರಾಠಿ ಮನೆಗಳಲ್ಲಿ ಮರ್ಯಾದೆಯಿಂದ ಕರೆಯುತ್ತಿದ್ದ ಹಾಗೆ ನನ್ನನ್ನು "ವನ್ಸಂ" ಎಂದು ಕರೆದು ತಾನೇ ನಗುತ್ತಿದ್ದಳು. ಅವ್ವನ ಮರಾಠಿ ತರಕಾರಿ ಮಾರುಕಟ್ಟೆಗೆ ಸಾಕಾಗುವಷ್ಟು. ವೈನಿಯ ಕನ್ನಡ ಅವ್ವನ ಅಡುಗೆಮನೆಯಲ್ಲಿ ಹುಟ್ಟಿದ್ದು. ಒಂದು ದಿನ ಅವ್ವ ಒಲೆಯ ಮುಂದಿನಿಂದ ತೆಂಗಿನಕಾಯಿ ಕೇಳಿದಳು.

"ಕಾಯಿ ತಾ."

"ಕಾಯ್?" ಎಂದಳು ವೈನಿ. ಮರಾಠಿಯಲ್ಲಿ ಅದು 'ಏನು?'

"ಹೌದು, ಕಾಯಿ."

"ಅದೇ, ಕಾಯ್?"

"ಕಾಯಿ ಅಂದ್ರ ಕಾಯಿ. ಹೆಂಗ ಹೇಳ್ಲಿ ನಿನಗ?"

ಕಡೆಗೆ ಇಬ್ಬರೂ ನಕ್ಕು ನಕ್ಕು ನೆಲದ ಮೇಲೆ ಕೂತುಬಿಟ್ಟರು. ಪಕ್ಕದ ಕೋಣೆಯಲ್ಲಿ ನಾನು ಟ್ರೇಸಿಂಗ್ ಹಾಳೆ ಹಾಸಿಕೊಂಡಿದ್ದೆ. ಅಷ್ಟು ನಗುವಂಥದ್ದು ಅದರಲ್ಲಿ ಏನೂ ಇರಲಿಲ್ಲ.

ಅವ್ವ ಅವಳನ್ನು "ಮಗಳ" ಎಂದು ಕರೆಯತೊಡಗಿದಳು. ನನ್ನನ್ನು ಎಂದೂ ಹಾಗೆ ಕರೆದಿರಲಿಲ್ಲ. ಇದ್ದ ಮಗಳನ್ನು ಮಗಳೇ ಎಂದು ಕರೆಯುವ ಅಗತ್ಯವೇನಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಒಂದು ಭಾನುವಾರ ಹೊರಗಿನಿಂದ ಬಂದಾಗ ಟ್ರಂಕು ತೆರೆದಿತ್ತು. ವೈನಿ ನಾನು ಕೂರುತ್ತಿದ್ದ ಕಡೆ ಕೂತಿದ್ದಳು. ದಾಳಂಬರಿ ಸೀರೆ ಅವಳ ಮಡಿಲಲ್ಲಿತ್ತು. "ಕೆಂಪಲ್ಲ ಮಗಳ" ಎನ್ನುತ್ತಿದ್ದಳು ಅವ್ವ. ನಾನು ಚಪ್ಪಲಿ ಬಿಟ್ಟು ಒಳಗೆ ಹೋಗಿ, ನೀರು ಕುಡಿದು, ಮತ್ತೆ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದೆ. ಎಲ್ಲಿಗೆ ಎಂದು ಯಾರೂ ಕೇಳಲಿಲ್ಲ.

ಪಡಸಾಲೆಯ ನಕ್ಷೆಯನ್ನು ಮನೆಯವರ ಮುಂದೆ ಹರಡಿದ ದಿನ ಮೂರು ಗೋಡೆ ಬಿಳಿ, ಒಂದು ಮಾತ್ರ ಬೂದುನೀಲಿ ಎಂದು ವಿವರಿಸಿದೆ. ಅವ್ವ ಹಾಳೆಯನ್ನು ಬಗ್ಗಿ ನೋಡಿದಳು.

"ದವಾಖಾನಿ ಕಂಡಂಗ ಕಾಣ್ತದಲ್ಲ. ಅಬ್ಬಲಿಗಿ ಹಚ್ಚೂಣು."

"ಉತ್ತರದ ಕೋಣಿ ಅದು ಅವ್ವಾ. ಮೊದಲೇ ಬೆಳಕು ಕಡಿಮಿ. ಅಷ್ಟು ಗಾಢ ಹಚ್ಚಿದ್ರ ಕತ್ತಲ ಆಗ್ತದ."

"ಅಬ್ಬಲಿಗಿ ಮುಡಕೊಂಡು ಯಾರರೆ ಕತ್ತಲ ಆಗ್ಯಾರೇನು?"

ಅಣ್ಣ ನಕ್ಕ. ವೈನಿಗೆ ಶಬ್ದ ಹೊಸದು, ಯಾವ ಹೂವು ಎಂದು ಕೇಳಿದಳು. ಅವ್ವ ಕೈಯಲ್ಲಿ ಮಾಲೆಯ ಆಕಾರ ತೋರಿಸಿ, ವಾಸನೆಯಿಲ್ಲದ್ದು ಎಂದಾಗ ಅವಳಿಗೆ ಹೊಳೆಯಿತು. "ಅಬೋಲಿ! ನಮ್ಮ ಕಡೆ ಅಬೋಲಿ ಅಂತಾರ. ಅಂದ್ರ ಮಾತಾಡದೇ ಇದ್ದಾಕಿ." ನನ್ನ ಕಡೆ ತಿರುಗಿದಳು. "ಹಂಗಾರ ನಮ್ಮ ವನ್ಸಂ ಸಹ ಅಬೋಲಿನೇ ಅದ."

"ಅದ ಅಲ್ಲ, ಇದ್ದಾಳ" ಎಂದು ತಿದ್ದಿದಳು ಅವ್ವ. ತಿದ್ದಿದ್ದು ವ್ಯಾಕರಣವನ್ನಷ್ಟೇ.

ಆ ದಿನ ಏನೂ ತೀರ್ಮಾನವಾಗಲಿಲ್ಲ. ಇಂದಾಪುರದಲ್ಲಿ ಕಬ್ಬು ಬೆಳೆಯುವವರೊಬ್ಬರ ಹೊಸ ಬಂಗಲೆಗೆ ಕಪಾಟುಗಳ ಅಳತೆ ತೆಗೆಯಲು ಆಫೀಸಿನವರು ನನ್ನನ್ನು ಕಳಿಸುವವರಿದ್ದರು. ಬಂದ ಮೇಲೆ ನೋಡೋಣ, ಅಲ್ಲಿಯವರೆಗೆ ಗೋಡೆ ಮುಟ್ಟುವುದು ಬೇಡ ಎಂದು ಹೇಳಿ ಹೋದೆ. ಬಂಗಲೆಯ ಯಜಮಾನರಿಗೆ ಕೋಣೆಗೊಂದು ಬಣ್ಣ ಬೇಕಾಗಿತ್ತು, ಎಲ್ಲವೂ ಎಣ್ಣೆಯ ಹೊಳಪಿನದು. ನಾನು ತಲೆಯಾಡಿಸುತ್ತ ಬರೆದುಕೊಂಡೆ. ಮನಸ್ಸು ನಮ್ಮ ಪಡಸಾಲೆಯಲ್ಲೇ ಇತ್ತು. ಅವ್ವನನ್ನು ಹೇಗೆ ಒಪ್ಪಿಸುವುದೆಂದು ಯೋಚಿಸಿ, ನೀಲಿಯ ಬದಲು ಒಂದೇ ಒಂದು ಗೋಡೆಗೆ ಅವಳ ಅಬ್ಬಲಿಗಿ ಕೊಡುವುದೆಂದು ತೀರ್ಮಾನಿಸಿದೆ. ಕಬ್ಬಿನ ಗಾಡಿಗಳ ಹಿಂದೆ ತೆವಳುತ್ತಿದ್ದ ಎಸ್.ಟಿ. ಬಸ್ಸಿನಲ್ಲಿ, ಅದನ್ನು ಅವಳಿಗೆ ಹೇಳುವ ಮಾತನ್ನೂ ಜೋಡಿಸಿಕೊಂಡೆ.

ಬಸ್ಸಿಳಿದು ನೇರ ಹೊಸ ಮನೆಗೆ ಹೋದೆ. ಬಾಗಿಲು ತೆರೆದಿತ್ತು. ವೈನಿ ಸೆರಗು ಸಿಕ್ಕಿಸಿಕೊಂಡು ನೆಲದ ಮೇಲಿನ ಬಣ್ಣದ ಕಲೆ ಒರೆಸುತ್ತಿದ್ದಳು. ನಾಲ್ಕೂ ಗೋಡೆಗೆ ಡಿಸ್ಟೆಂಪರ್ ಆಗಿತ್ತು. ಹಾಲಿನಲ್ಲಿ ಹೂವನ್ನು ಅದ್ದಿ ತೆಗೆದಂಥ, ತೆಳುವಾದ, ಗುಲಾಬಿಯತ್ತ ವಾಲಿದ ಬಣ್ಣ.

"ಪೇಂಟರಗೆ ಮುಂದಿನ ವಾರ ಬ್ಯಾರೆ ಕೆಲಸ ಇತ್ತು, ಅದಕ್ಕ ಈಗ ಮುಗಿಸಿಬಿಟ್ಟಾ. ರಜಾ ಹಾಕಿ ನಾನೇ ನಿಂತು ಮಾಡಿಸಿದೆ. ಅವ್ವ ಇನ್ನೂ ನೋಡಿಲ್ಲ, ನಾಳೆ ಬರ್ತಾರ. ಹೆಂಗ ಅದ ವನ್ಸಂ?"

ಚೀಲ ಕೆಳಗಿಡುವಷ್ಟರಲ್ಲಿ ನನಗೆ ಅರ್ಥವಾಗಿತ್ತು. ಅವಳು ಪೇಂಟರನಿಗೆ ಅಬೋಲಿ ಎಂದು ಹೇಳಿದ್ದಾಳೆ. ಪುಣೆಯ ಸೀರೆಯಂಗಡಿಯಲ್ಲಿ ಅಬೋಲಿ ಬಣ್ಣ ಕೇಳಿದರೆ ಇದನ್ನೇ ತೆಗೆದು ತೋರಿಸುತ್ತಾರೆ. ಹೂವು ಒಂದೇ, ಊರು ಬೇರೆ. ಧಾರವಾಡದ ಅಬ್ಬಲಿಗಿಗೂ ಇದಕ್ಕೂ ಸಂಬಂಧವೇ ಇರಲಿಲ್ಲ.

ನನ್ನನ್ನು ಕೇಳದೆ ಮಾಡಿಸಿದ್ದಕ್ಕೆ ಸಿಟ್ಟು ಬರಬೇಕಾಗಿತ್ತು. ಬಂದದ್ದು ಸಂತೋಷ. ಟ್ರಂಕಿನ ಮುಂದೆ ಕೂತವರಿಗೆಲ್ಲ ಅದರ ಬಣ್ಣ ಗೊತ್ತಾಗುವುದಿಲ್ಲ ಎಂದು ಅವ್ವ ನಾಳೆ ತಾನೇ ಕಣ್ಣಾರೆ ನೋಡುತ್ತಾಳೆ.

"ಅವ್ವ ನೋಡಲಿ" ಎಂದಷ್ಟೇ ಹೇಳಿದೆ.

ಮರುದಿನ ಅವ್ವ ಹೊಸ್ತಿಲಲ್ಲಿ ನಿಂತು ನೋಡಿದಳು. ನಾನು ಗೋಡೆ ಬಿಟ್ಟು ಅವಳ ಮುಖ ನೋಡಿದೆ. ಹುಬ್ಬು ಒಂದಿಷ್ಟು ಮೇಲೇರಿ ಇಳಿಯಿತು. ಒಳಗೆ ಬಂದು ಗೋಡೆಯನ್ನು ಅಂಗೈಯಿಂದ ಮುಟ್ಟಿದಳು. ಆಮೇಲೆ ವೈನಿಯ ಕಡೆ ತಿರುಗಿದಳು.

"ಚಂದ ಆಗೇದ ಮಗಳ."

"ಅವ್ವಾ, ಇದು ಅಬ್ಬಲಿಗಿ—"

"ಅಡಗಿಮನಿ ನೆಲ ಮುಗೀತೇನು, ನೋಡೂಣು ಬಾ" ಎಂದು ನನ್ನ ಮೊಣಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು.

ಅಡುಗೆಮನೆಯಲ್ಲಿ ನಾವಿಬ್ಬರೇ ಇದ್ದೆವು. ಇದು ಅಬ್ಬಲಿಗಿ ಅಲ್ಲವೆಂದು ನಿನಗೆ ಗೊತ್ತಿದೆ ಎಂದೆ.

"ಗೊತ್ತದ. ನಿನಗ ಹೇಳಿಕೊಟ್ಟಾಕಿ ಯಾರು?"

"ಮತ್ತ ಅಕಿಗೆ ಯಾಕ ಹೇಳಲಿಲ್ಲ?"

ಅವ್ವ ಹೊಸ ಕಟ್ಟೆಯ ಕಲ್ಲಿನ ಮೇಲೆ ಬಿದ್ದ ಸಿಮೆಂಟಿನ ಪುಡಿಯನ್ನು ಕೈಯಿಂದ ಸರಿಸುತ್ತಿದ್ದಳು. ದನಿಯಲ್ಲಿ ಯಾವ ಬಿಸಿಯೂ ಇರಲಿಲ್ಲ. "ನೀ ಇವತ್ತಿಲ್ಲ ನಾಳೆ ಮದಿವಿ ಆಗಿ ಹೋಗಾಕಿ. ದಿನಾ ಎದ್ದು ಆ ಗ್ವಾಡಿ ನೋಡಾಕಿ ಅಕಿ. ಅಕಿ ಕಣ್ಣಿಗೆ ಚಂದ ಕಂಡ್ರ ಮುಗೀತು."

ಆ ಮಾತಿನಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ. ಹಿಂದಿನ ಚಿಕ್ಕ ಕೋಣೆಯನ್ನು ನನ್ನ ನಕ್ಷೆಯಲ್ಲಿ ನಾನೇ 'ಅತಿಥಿಗಳಿಗೆ' ಎಂದು ಗುರುತಿಸಿದ್ದೆ. ನಾನು ಮಲಗಲಿದ್ದ ಕೋಣೆ ಅದು.

ಗೃಹಪ್ರವೇಶಕ್ಕೆ ಖಡಕಿಯಿಂದ ನಾವು ಕಾಕು ಎನ್ನುತ್ತಿದ್ದ ಪಕ್ಕದ ಮನೆಯಾಕೆ ಬಂದರು, ಬೆಳಗಾವಿಯವರು. ಅವರೂ ಹೊಸ ಫ್ಲ್ಯಾಟು ಕೊಂಡಿದ್ದರು. ಪಡಸಾಲೆಯಲ್ಲಿ ಕೂತು ಗೋಡೆಯನ್ನು ಸುತ್ತಲೂ ನೋಡಿ, "ಮಗಳನ್ನ ಓದಿಸಿದ್ದು ಸಾರ್ಥಕ ಆತು ನೋಡ್ರಿ" ಎಂದು ಅವ್ವನಿಗೆ ಹೇಳಿದರು. ಹೋಳಿಗೆ ಬಡಿಸುತ್ತಿದ್ದ ವೈನಿ ತಕ್ಷಣ, "ಹೌದ್ರಿ, ಎಲ್ಲಾ ವನ್ಸಂದೇ" ಎಂದಳು.

ಕೋಣೆ ಚೆನ್ನಾಗಿ ಬಂದಿತ್ತು, ಅದೇ ನನ್ನನ್ನು ಚುಚ್ಚುತ್ತಿದ್ದದ್ದು. ಉತ್ತರದ ತಣ್ಣನೆಯ ಬೆಳಕಿಗೆ ಆ ತೆಳು ಬಣ್ಣ ಒಂದಿಷ್ಟು ಬಿಸುಪು ಕೊಟ್ಟಿತ್ತು, ಗೋಡೆಗಳು ಹಿಂದೆ ಸರಿದಂತೆ ಕಾಣುತ್ತಿದ್ದವು. ನನ್ನ ಬೂದುನೀಲಿ ಅಲ್ಲಿ ನಿಜಕ್ಕೂ ದವಾಖಾನೆಯಾಗುತ್ತಿತ್ತು. ಹೀಗೆ ತಪ್ಪಿ ಬಿದ್ದ ಬಣ್ಣವೊಂದು ನಾನು ಕಲಿತು ಆರಿಸಿದ್ದಕ್ಕಿಂತ ಸರಿಯಾಗಿತ್ತು. ಅದರ ಹೊಗಳಿಕೆಯನ್ನೂ ಅವಳು ಹೋಳಿಗೆಯಂತೆ ನನ್ನ ಎಲೆಗೆ ಬಡಿಸುತ್ತಿದ್ದಳು.

"ಅಲ್ರಿ ಕಾಕು. ಬಣ್ಣ ವೈನಿ ಆರಿಸಿದ್ದು" ಎಂದೆ.

"ಹಂಗಾದ್ರ ನಮ್ಮ ಮನಿಗೆ ಇಬ್ರೂ ಬರ್ರಿ."

ಹೀಗೆ, ಆಫೀಸಿನ ಹೊರಗೆ ನನಗೆ ಸಿಕ್ಕ ಮೊದಲ ಕೆಲಸಕ್ಕೆ ನಾನು ಒಬ್ಬಳೇ ಹೋಗಲಿಲ್ಲ. ಸಿಟಿ ಬಸ್ಸಿನಲ್ಲಿ ವೈನಿ ಕಿಟಕಿಯ ಪಕ್ಕ ಕೂತು ಎದುರಿನ ಸೀಟಿನ ಅಜ್ಜಿಯ ಜೊತೆ ಮೊಣಕಾಲು ನೋವಿನ ಬಗ್ಗೆ ಮಾತಾಡುತ್ತ ಬಂದಳು. ಕಾಕು ಇಬ್ಬರಿಗೂ ಚಿವಡಾ ಕೊಟ್ಟು ಚಹಾ ಇಡಲು ಒಳಗೆ ಹೋದರು. ವೈನಿ ತಟ್ಟೆ ಹಿಡಿದುಕೊಂಡು ಕೋಣೆಯ ನಡುವೆ ನಿಂತಳು.

"ಇಲ್ಲಿನೂ ಅಬೋಲಿ ಹಚ್ಚೂಣು."

"ಬ್ಯಾಡ. ಇದು ಪಶ್ಚಿಮದ ಕೋಣಿ. ಸಂಜಿ ಬಿಸಲು ಬಿದ್ದಾಗ ಆ ಬಣ್ಣ ಕಣ್ಣಿಗೆ ಹೊಡೀತದ. ಇಲ್ಲಿ ತಂಪು ಬೇಕು, ಗಿಣಿ ಹಸರಿನಾಗಿಂದ ಭಾಳ ತೆಳುದೊಂದು."

"ಹೌದಾ? ಬಿಸಲಿಂದು ನನಗ ಗೊತ್ತೇ ಇರಲಿಲ್ಲ. ಹಂಗಾರ ಹಸರೇ ಸರಿ." ಇನ್ನೊಂದು ಮುಷ್ಟಿ ಚಿವಡಾ ಬಾಯಿಗೆ ಹಾಕಿಕೊಂಡಳು. ಮುಖದಲ್ಲಿ ಏನೂ ಕದಡಿರಲಿಲ್ಲ. ಸಾಹೇಬರು ನನ್ನ ನಕ್ಷೆಯಲ್ಲಿ ಒಂದು ಗೆರೆ ತಿದ್ದಿದರೆ ಅಂದು ನನಗೆ ಊಟ ಸೇರುವುದಿಲ್ಲ. ಇವಳು ತಪ್ಪಾದ ಮರುಕ್ಷಣವೇ ಹಗುರವಾಗಿ ನಿಂತಿದ್ದಳು. ಟ್ರಂಕಿನ ಮುಂದೆ ಅವಳನ್ನು ನೋಡಿದಾಗಲೂ ನನಗೆ ಇಷ್ಟು ಹೊಟ್ಟೆಕಿಚ್ಚಾಗಿರಲಿಲ್ಲ.

ಆಮೇಲೆ ಅವಳು ಅಗಿಯುವುದನ್ನು ನಿಲ್ಲಿಸಿದಳು. "ವನ್ಸಂ, ಖರೇ ಹೇಳ್ರಿ. ನಮ್ಮ ಪಡಸಾಲ್ಯಾಗ ನಂದು ಏನರೆ ತಪ್ಪಾಗೇದೇನು? ಅವತ್ತು ನೀವು ಅವ್ವಗ ಏನೋ ಹೇಳಾಕ ಹೋದ್ರಿ."

ಒಳಗೆ ಕಾಕು ಶುಂಠಿ ಜಜ್ಜುವ ಸದ್ದು ಕೇಳುತ್ತಿತ್ತು. ಅವ್ವ ಆ ಗೋಡೆ ಮುಟ್ಟಿ ನೋಡಿದ ದಿನದಿಂದ ವಾಕ್ಯ ನನ್ನ ಬಾಯಲ್ಲಿ ಸಿದ್ಧವಾಗಿಯೇ ಇತ್ತು. ಅವ್ವ ಕೇಳಿದ ಬಣ್ಣ ಅದಲ್ಲ, ನಿನ್ನ ಮನಸ್ಸು ನೋಯಬಾರದೆಂದು ಸುಮ್ಮನಿದ್ದಾಳೆ. ಇಷ್ಟು ಹೇಳಿದ್ದರೆ ಸಾಕಾಗಿತ್ತು. ಅವಳು ನನ್ನನ್ನೇ ನೋಡುತ್ತ ನಿಂತಿದ್ದಳು, ನಾನು ಏನು ಹೇಳಿದರೂ ನಂಬುವವಳ ಹಾಗೆ.

"ಇಲ್ಲ" ಎಂದೆ. "ಅಲ್ಲಿ ಅದು ಸರಿ ಅದ."

ಅದು ಅವಳ ಮೇಲಿನ ಕರುಣೆಯಿಂದ ಬಂದ ಮಾತಾಗಿರಲಿಲ್ಲ. ಅವ್ವನ ಅಬ್ಬಲಿಗಿ ಯಾವುದೆಂದು ಆ ಮನೆಯಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಮೂರನೆಯವರಿಗೆ ಅದನ್ನು ಹೇಳಲು ನನಗೆ ಮನಸ್ಸಾಗಲಿಲ್ಲ.