ಏಳೂವರೆಗೆ ಸರಿಯಾಗಿ

ಅವರನ್ನು ಎಲ್ಲರೂ ಕಂಟ್ರೋಲರು ಅಂತಲೇ ಕರೆಯುತ್ತಿದ್ದರು. ಬಸ್ ನಿಲ್ದಾಣದ ನಟ್ಟನಡುವಿನ ಗಾಜಿನ ಕೋಣೆಯಲ್ಲಿ ಕೂತು, ಮೂವತ್ತೊಂದು ವರ್ಷ ಬಸ್ಸುಗಳನ್ನು ಹೊತ್ತಿಗೆ ಸರಿಯಾಗಿ ಹೊರಡಿಸಿದವರು. ನಿವೃತ್ತಿಯಾಗಿ ಆರು ವರ್ಷ ಕಳೆದರೂ ಆ ಹೆಸರು ಬಿಟ್ಟಿರಲಿಲ್ಲ. ಹೆಂಡತಿ ಕೂಡ ಸಿಟ್ಟು ಬಂದಾಗ ಹಾಗೇ ಕರೆಯುತ್ತಿದ್ದರು. ಆ ಕೋಣೆಯಲ್ಲಿದ್ದದ್ದು ಒಂದು ಮೇಜು, ಕಾರ್ಬನ್ ಹಾಳೆ ಸಿಕ್ಕಿಸಿದ ಉದ್ದನೆಯ ಪುಸ್ತಕ, ಗೊರಗೊರ ಅನ್ನುವ ಒಂದು ಮೈಕು. ಯಾವ ಡ್ರೈವರು ಕಾಫಿಯ ಕೊನೆಯ ಗುಟುಕಿಗೆ ಎರಡು ನಿಮಿಷ ಕದಿಯುತ್ತಾನೆ, ಯಾವ ಬಸ್ಸು ಏರುದಾರಿಯಲ್ಲಿ ನಾಲ್ಕು ನಿಮಿಷ ತಿನ್ನುತ್ತದೆ, ಎಲ್ಲ ಅವರಿಗೆ ಬಾಯಿಪಾಠ. ಕೊರಳಿನ ಸೀಟಿ ಊದಿದರೆ ಬಸ್ಸು ಹೊರಟಿತು ಅಂತಲೇ ಅರ್ಥ. ಮೂವತ್ತೊಂದು ವರ್ಷ ಹಾಗೆ ಬದುಕಿದ ಮನುಷ್ಯ, ಸೀಟಿ ಊದಿದರೆ ಲೋಕವೇ ಹೊರಡುತ್ತದೆ ಅಂದುಕೊಂಡಿದ್ದರೆ ಅದರಲ್ಲಿ ಅವರ ತಪ್ಪೇನೂ ಇಲ್ಲ.

ಕಾರು ಹೆಂಡತಿಯ ತವರಿನದು. ಮಾವನವರು ಸರ್ವೆ ಇಲಾಖೆಯಲ್ಲಿದ್ದಾಗ ಕೊಂಡದ್ದು. ಮಾಸಲು ಹಸಿರು ಬಣ್ಣದ, ಎಲ್ಲ ಮೂಲೆಗಳನ್ನೂ ಉಜ್ಜಿ ಉಜ್ಜಿ ದುಂಡಗೆ ಮಾಡಿದಂಥ ಪುಟ್ಟ ಕಾರು. ಮಾವ ತೀರಿಕೊಂಡ ಮೇಲೆ ಹದಿನಾಲ್ಕು ವರ್ಷ ಶೆಡ್ಡಿನಲ್ಲಿ ಇಲಿಗಳಿಗೆ ಮನೆಯಾಗಿತ್ತು. ನಿವೃತ್ತಿಯ ನಂತರ ಕೈಕಟ್ಟಿ ಕೂರಲಾರದೆ ಕಂಟ್ರೋಲರು ಅದನ್ನು ಎಬ್ಬಿಸಲು ಹೊರಟರು. ಎಬ್ಬಿಸಿಕೊಟ್ಟವರು ಬಸ್ ಡಿಪೋದ ಹೆಡ್ ಮೇಸ್ತ್ರಿ. ಎರಡು ವರ್ಷ, ವಾರದ ರಜೆಯ ದಿನಗಳಲ್ಲೆಲ್ಲ ಬಂದು, ಬೆನ್ನು ನೆಲಕ್ಕೆ ಹಚ್ಚಿ ಮಲಗಿ, ಒಂದೊಂದೇ ನಟ್ಟು ಬಿಚ್ಚಿ, ತೊಳೆದು, ಮತ್ತೆ ಹಾಕಿ, ಕೊನೆಗೆ ಎಂಜಿನ್ನಿಗೆ ಉಸಿರು ಬರಿಸಿದರು. ಹಳೇ ಕಾರುಗಳ ಸಂಘ ಕಂಟ್ರೋಲರನ್ನು ಸದಸ್ಯರನ್ನಾಗಿ ಸೇರಿಸಿಕೊಂಡದ್ದು ಆಮೇಲೆ.

ಸಂಘದಲ್ಲಿ ಇಪ್ಪತ್ತೆರಡು ಜನ. ಅಧ್ಯಕ್ಷರು ಮರ ಕೊಯ್ಯುವ ಮಿಲ್ಲಿನ ಯಜಮಾನರು. ಅವರ ಕೆನೆಬಣ್ಣದ ಕಾರು ಎಷ್ಟು ಉದ್ದವೆಂದರೆ ತಿರುವಿನಲ್ಲಿ ಮುಂಭಾಗ ಹೋಗಿ ಸ್ವಲ್ಪ ಹೊತ್ತಾದ ಮೇಲೆ ಹಿಂಭಾಗ ಬರುತ್ತಿತ್ತು. ಹಲ್ಲಿನ ಡಾಕ್ಟರೊಬ್ಬರಿದ್ದರು, ಕೊರಳಲ್ಲಿ ಸದಾ ಕ್ಯಾಮೆರಾ. ತಿಂಗಳ ಮೊದಲ ಭಾನುವಾರ ಎಲ್ಲರೂ ಸಂಸಾರ ಸಮೇತ ಎಲ್ಲಿಗಾದರೂ ಹೊರಡುವುದು ಸಂಘದ ವಾಡಿಕೆ. ಕಂಟ್ರೋಲರು ಸೇರಿದ ಮೂರನೆಯ ತಿಂಗಳಿಗೇ ಅವರನ್ನು ವಿಹಾರ ಕಾರ್ಯದರ್ಶಿ ಮಾಡಿದರು. ದೊಡ್ಡ ಗೌರವ ಅಂದುಕೊಂಡು ಅವರು ಮನೆಗೆ ಬಂದು ಹೇಳಿದಾಗ ಹೆಂಡತಿ, ಆ ಕೆಲಸ ಬೇರೆ ಯಾರಿಗಾದರೂ ಬೇಕಾಗಿತ್ತಾ ಅಂತ ಮಾತ್ರ ಕೇಳಿದರು.

ಯಾರಿಗೂ ಬೇಕಾಗಿರಲಿಲ್ಲ. ಯಾಕೆ ಅಂತ ಮೊದಲ ವಿಹಾರಕ್ಕೇ ತಿಳಿಯಿತು. ಕಂಟ್ರೋಲರು ಟೈಪ್ ಮಾಡಿಸಿ ಹಂಚಿದ ವೇಳಾಪಟ್ಟಿಯಲ್ಲಿ ಏಳೂವರೆಗೆ ಮೈದಾನದಿಂದ ಹೊರಡುವುದು, ಏಳು ಐವತ್ತೆರಡಕ್ಕೆ ರೈಲ್ವೆ ಗೇಟು, ಎಂಟು ಹದಿನಾಲ್ಕಕ್ಕೆ ಪೆಟ್ರೋಲ್ ಬಂಕು ಅಂತಿತ್ತು. ಏಳೂವರೆಗೆ ಮೈದಾನದಲ್ಲಿದ್ದದ್ದು ಅವರ ಹಸಿರು ಕಾರು ಮತ್ತು ಎರಡು ನಾಯಿ. ಎಂಟೂಮುಕ್ಕಾಲಿಗೆ ಕೊನೆಯ ಕಾರು ಬಂತು. ಬಂದವರು ಯಾರೂ ತಡವಾಯಿತು ಅನ್ನಲಿಲ್ಲ. ತಡವಾಗಿದೆ ಅಂತ ಅವರಿಗೆ ಅನ್ನಿಸಿಯೇ ಇರಲಿಲ್ಲ. ವೇಳಾಪಟ್ಟಿ ಮಾತ್ರ ಎಲ್ಲರಿಗೂ ಬಹಳ ಹಿಡಿಸಿತು. ಡಾಕ್ಟರು ಅದಕ್ಕೆ ಕಟ್ಟು ಹಾಕಿಸಿ ಕ್ಲಿನಿಕ್ಕಿನ ಗೋಡೆಗೆ ತೂಗುಹಾಕಿದರಂತೆ, ಬಂದವರಿಗೆ ತೋರಿಸಿ ನಗಿಸಲಿಕ್ಕೆ.

ಒಂದು ವರ್ಷ ಹೀಗೇ ನಡೆಯಿತು. ಕಂಟ್ರೋಲರು ಹಿಂದಿನ ದಿನ ಎಲ್ಲರಿಗೂ ಫೋನ್ ಮಾಡಿದರು. ಬೆಳಗ್ಗೆ ಇನ್ನೊಮ್ಮೆ ಮಾಡಿದರು. ಎಂಟಕ್ಕೆ ಬರುವವರು ಏಳಕ್ಕಾದರೂ ಬರಲಿ ಅಂತ ಆರೂವರೆ ಎಂದು ಸುಳ್ಳು ಹೇಳಿ ನೋಡಿದರು. ಆ ಸಲ ಎಲ್ಲರೂ ಒಂಬತ್ತಕ್ಕೆ ಬಂದರು. ಮನೆಗೆ ಬಂದು ಮೈ ಪರಚಿಕೊಳ್ಳುತ್ತಿದ್ದ ಗಂಡನನ್ನು ನೋಡಿ ಹೆಂಡತಿ ಒಂದು ದಿನ ಇದ್ದದ್ದನ್ನು ಇದ್ದ ಹಾಗೆ ಹೇಳಿದರು.

"ನಿಮ್ಮ ಸೀಟಿಗೆ ಬಸ್ಸು ಹೊರಡ್ತಿದ್ದದ್ದು ಸೀಟಿಗೆ ಹೆದರಿ ಅಲ್ಲ. ಹೊರಡದಿದ್ರೆ ಸಂಬಳಕ್ಕೆ ಕತ್ತರಿ ಬೀಳ್ತಿತ್ತು. ಇವರಿಗೆ ನೀವೇನು ಕತ್ತರಿಸ್ತೀರಿ?"

ಆ ವರ್ಷದ ಕೊನೆಗೆ ಕಂಟ್ರೋಲರಿಗೆ ಒಂದು ಯೋಚನೆ ಬಂತು. ಡಿಪೋದ ಹಿಂಬದಿಯಲ್ಲಿ, ಗೋಡೆಗೆ ಒರಗಿಕೊಂಡಂತೆ, ಎಂಟು ವರ್ಷದಿಂದ ಒಂದು ಹಳೇ ಬಸ್ಸು ನಿಂತಿತ್ತು. ಮರದ ಚೌಕಟ್ಟಿನ ಮೈ, ಮರದ ಮೆಟ್ಟಿಲು, ಕೈಯಿಂದ ತಳ್ಳುವ ಬಾಗಿಲು. ಸಂಘದವರನ್ನು ಅಲ್ಲಿಗೆ ಕರೆದುಕೊಂಡು ಹೋದರೆ ಹೇಗೆ ಅಂತ ಮೇಸ್ತ್ರಿಯನ್ನು ಕೇಳಿದರು. ಮೇಸ್ತ್ರಿ ಹೆಚ್ಚು ಮಾತಿನವರಲ್ಲ. ಹಳೇ ಗಾಡಿಯ ಬೆಲೆ ಗೊತ್ತಿರುವವರು ಬರುತ್ತಾರೆ ಅಂದರೆ ಸುಮ್ಮನೆ ನಿಂತ ಬಸ್ಸನ್ನು ಯಾಕೆ ತೋರಿಸಬೇಕು, ಓಡುವ ಬಸ್ಸನ್ನೇ ತೋರಿಸೋಣ ಅಂದರು. ನಾಲ್ಕು ಜನ ಮೆಕ್ಯಾನಿಕ್ಕುಗಳನ್ನು ಕಟ್ಟಿಕೊಂಡು ಮೂರು ವಾರ, ಪಾಳಿ ಮುಗಿದ ಮೇಲೆ, ಅದರ ಎಂಜಿನ್ ಬಿಚ್ಚಿ ಕೂತರು. ಮೇಲಿನ ಅಧಿಕಾರಿಯಿಂದ ಅಪ್ಪಣೆ ಸಿಕ್ಕಿತು, ಒಂದು ಷರತ್ತಿನ ಮೇಲೆ: ಬೆಳಗ್ಗೆ ಹೋದ ಬಸ್ಸುಗಳು ಹನ್ನೊಂದೂವರೆಗೆ ಮರಳಿ ಬರಲು ಶುರುವಾಗುತ್ತವೆ, ಹತ್ತರಿಂದ ಹನ್ನೊಂದೂವರೆಯವರೆಗೆ ಮಾತ್ರ ಅಂಗಳ ಖಾಲಿ.

ಕಂಟ್ರೋಲರು ಒಬ್ಬೊಬ್ಬ ಸದಸ್ಯರ ಮನೆಗೂ ಹೋಗಿ ಇದನ್ನು ಹೇಳಿದರು. ಎಲ್ಲರೂ ತಲೆಯಾಡಿಸಿದರು. ಅಧ್ಯಕ್ಷರಂತೂ, ಇದು ನಮ್ಮ ಸಂಘದ ಮರ್ಯಾದೆಯ ಪ್ರಶ್ನೆ ಅಂದರು.

ಆ ಭಾನುವಾರ ಎಂಟು ಇಪ್ಪತ್ತೈದಕ್ಕೆ ಹನ್ನೊಂದು ಕಾರುಗಳು ಹೊರಟವು. ಅಷ್ಟು ತಡವಾಗಿಯೂ ಹತ್ತಕ್ಕೆ ತಲುಪಬಹುದಾಗಿತ್ತು. ಕಂಟ್ರೋಲರು ಪಟ್ಟಿಯಲ್ಲಿ ಅಷ್ಟು ಜಾಗ ಬಿಟ್ಟುಕೊಂಡೇ ಇದ್ದರು. ಆದರೆ ಕಮಾನು ಸೇತುವೆಯ ಹತ್ತಿರ ಡಾಕ್ಟರು ಎಲ್ಲರನ್ನೂ ನಿಲ್ಲಿಸಿ, ಕಾರುಗಳನ್ನು ಬಣ್ಣದ ಪ್ರಕಾರ ಸಾಲಾಗಿ ಜೋಡಿಸಿ ಫೋಟೋ ತೆಗೆದರು. ಬೆಳಕು ಸರಿಯಿಲ್ಲ ಅಂತ ಮತ್ತೆ ಜೋಡಿಸಿದರು. ಅಲ್ಲಿಂದ ಹೊರಟು ಮೂರು ಮೈಲಿ ಹೋಗುವಷ್ಟರಲ್ಲಿ ಅಧ್ಯಕ್ಷರ ಉದ್ದನೆಯ ಕಾರು ಕೈ ತೋರಿಸಿ ಒಂದು ಹೊಸ ಹೋಟೆಲಿನ ಅಂಗಳಕ್ಕೆ ತಿರುಗಿತು. ಆ ಹೋಟೆಲಿನ ಬಾಗಿಲು ಕಿಟಕಿಗಳೆಲ್ಲ ಅವರ ಮಿಲ್ಲಿನ ಮರದವು. ಬಂದು ನೋಡಲೇಬೇಕು ಅಂತ ಮಾಲೀಕರ ಒತ್ತಾಯವಂತೆ. ಎಲ್ಲರೂ ಕೂತರು. ತಿಂಡಿ ಬಂತು, ಆಮೇಲೆ ಕಾಫಿ ಬಂತು, ಆಮೇಲೆ ಕಿಟಕಿಗಳನ್ನು ನೋಡುವ ಕೆಲಸ ಶುರುವಾಯಿತು.

ಕಂಟ್ರೋಲರು ಕೂರಲಿಲ್ಲ. ತಟ್ಟೆ ಹಿಡಿದುಕೊಂಡೇ ಅಧ್ಯಕ್ಷರ ಬೆನ್ನ ಹಿಂದೆ ನಿಂತು, ಹತ್ತು ಗಂಟೆಯಾಗುತ್ತಾ ಬಂತು ಅಂದರು. ಅಧ್ಯಕ್ಷರು ತಿರುಗದೆಯೇ, "ಇವತ್ತು ಭಾನುವಾರ ಕಣ್ರಿ ಕಂಟ್ರೋಲರೇ. ಕೂತ್ಕೊಂಡು ತಿನ್ನಿ," ಅಂದರು. ಮೇಜಿನ ಸುತ್ತಲಿದ್ದವರು ನಕ್ಕರು. ಕಂಟ್ರೋಲರು ಹೊರಗೆ ಹೋಗಿ ಡಿಪೋಗೆ ಫೋನ್ ಮಾಡಿದರು. ಮೊದಲ ಸಲ ಮೇಸ್ತ್ರಿ, ಪರವಾಗಿಲ್ಲ ಬನ್ನಿ ಅಂದರು. ಹತ್ತೂವರೆಗೆ ಎರಡನೆಯ ಸಲ ಮಾಡಿದಾಗ ಬರೀ ಹ್ಞೂಂ ಅಂದರು, ಇಟ್ಟರು.

ಹೆಂಡತಿ ಕಾರಿನ ಹತ್ತಿರ ಬಂದು, ನಾವಿಬ್ಬರಾದರೂ ಮುಂದೆ ಹೋಗೋಣ ಅಂದರು. ಆಗುವುದಿಲ್ಲ ಅಂದರು ಕಂಟ್ರೋಲರು. ದಾರಿಯಲ್ಲಿ ಯಾರ ಕಾರಾದರೂ ಕೆಟ್ಟು ನಿಂತರೆ ಒಂಟಿಯಾಗಬಾರದು ಅಂತ ಕಾರ್ಯದರ್ಶಿಯ ಕಾರು ಎಲ್ಲರಿಗಿಂತ ಹಿಂದೆ ಇರಬೇಕು, ಅದು ನಿಯಮ. ಯಾರು ಮಾಡಿದ ನಿಯಮ ಅಂತ ಹೆಂಡತಿ ಕೇಳಿದರು. ಮಾಡಿದವರು ಕಂಟ್ರೋಲರೇ. ಟೈರಿನ ಗಾಳಿ ನೋಡಲು ಬಗ್ಗಿದರು.

ಡಿಪೋ ತಲುಪಿದಾಗ ಹನ್ನೊಂದು ಇಪ್ಪತ್ತೆಂಟು. ಹನ್ನೊಂದು ಕಾರುಗಳು ಅಂಗಳದಲ್ಲಿ ಬೇಕಾದಲ್ಲಿ ಬೇಕಾದ ಹಾಗೆ ನಿಂತವು. ಆಚೆ ಗೋಡೆಯ ಬಳಿ ಹಳೇ ಬಸ್ಸು ತೊಳೆದ ಮೈಯಲ್ಲಿ ಹೊಳೆಯುತ್ತಾ ಗುಡುಗುಡು ಅನ್ನುತ್ತಿತ್ತು. ಮೇಸ್ತ್ರಿಯೂ ನಾಲ್ವರು ಮೆಕ್ಯಾನಿಕ್ಕುಗಳೂ ಒಗೆದ ಅಂಗಿ ಹಾಕಿಕೊಂಡು ಅದರ ಪಕ್ಕ ನಿಂತಿದ್ದರು. ಯಾರೂ ಅತ್ತ ಹೆಜ್ಜೆ ಹಾಕುವ ಮೊದಲೇ ಮರಳಿ ಬಂದ ಮೊದಲ ಬಸ್ಸು ಗೇಟಿನಲ್ಲಿ ಹಾರ್ನ್ ಹೊಡೆಯಿತು. ಅದರ ಹಿಂದೆ ಇನ್ನೊಂದು, ಮತ್ತೊಂದು. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಹೋದ ಡ್ರೈವರುಗಳು ಹೊಟ್ಟೆ ಹಸಿದು ಕೂತಿದ್ದರು. ಅಧಿಕಾರಿ ಮಹಡಿಯಿಂದ ಇಳಿದು ಬಂದು, ಕಾರು ತೆಗೆಯಿರಿ ಅಂದರು. ತಾವು ಯಾರು ಅಂತ ಅಧ್ಯಕ್ಷರು ವಿವರಿಸಲು ಹೋದರು. ಅಧಿಕಾರಿ ಇನ್ನೊಮ್ಮೆ, ಕಾರು ತೆಗೆಯಿರಿ ಅಂದರು. ಈ ಗಲಾಟೆಯಲ್ಲಿ ಡಾಕ್ಟರ ಹೆಂಡತಿ ಹಳೇ ಬಸ್ಸಿನ ಮರದ ಮೆಟ್ಟಿಲಿಗೆ ಕಾಲಿಟ್ಟು, ಡೀಸೆಲ್ ವಾಸನೆ ಅಂತ ಮೂಗು ಮುಚ್ಚಿಕೊಂಡು ಇಳಿದರು. ಅಷ್ಟೇ. ಸಂಘದವರು ನೋಡಿದ್ದು ಅಷ್ಟೇ. ಕಂಟ್ರೋಲರು ತಮ್ಮ ಕಾರನ್ನು ಹೊರಗೆ ತರುವಾಗ ಕನ್ನಡಿಯಲ್ಲಿ ಕಂಡರು: ಮೇಸ್ತ್ರಿ ಎಂಜಿನ್ ಆರಿಸಿ, ಟಾರ್ಪಾಲಿನ ಒಂದು ತುದಿ ಹಿಡಿದು ಎಳೆಯುತ್ತಿದ್ದರು.

ನಾಲ್ಕು ದಿನ ಬಿಟ್ಟು ಕ್ಷಮೆ ಕೇಳಲು ಡಿಪೋಗೆ ಹೋದರು. ಮೇಸ್ತ್ರಿ ಒಂದು ಬಸ್ಸಿನ ಕೆಳಗಿದ್ದರು. ಎರಡು ಪಾದ ಮಾತ್ರ ಹೊರಗೆ ಕಾಣುತ್ತಿದ್ದವು. ಕಂಟ್ರೋಲರು ಆ ಪಾದಗಳಿಗೇ ಎಲ್ಲ ಹೇಳಿದರು: ಸೇತುವೆ, ಫೋಟೋ, ಹೋಟೆಲು, ಕಿಟಕಿಗಳು. ಕೆಳಗೆ ಸ್ಪ್ಯಾನರಿನ ಸದ್ದು ನಿಂತಿತು.

"ಅವರು ಯಾರೋ ಏನೋ, ನಂಗೆ ಗೊತ್ತಿಲ್ಲ ಸಾರ್. ನೀವಾದ್ರೂ ಹೊತ್ತಿಗೆ ಬರಬಹುದಿತ್ತಲ್ಲ."

ಸ್ಪ್ಯಾನರಿನ ಸದ್ದು ಮತ್ತೆ ಶುರುವಾಯಿತು. ಕಂಟ್ರೋಲರು ವಾಪಸ್ಸಾದರು.

ಆ ವಾರದ ಸಭೆಯಲ್ಲಿ, ಡಿಪೋದ ಮರೆಯಲಾಗದ ವಿಹಾರಕ್ಕಾಗಿ ವಿಹಾರ ಕಾರ್ಯದರ್ಶಿಗಳಿಗೆ ವಂದನೆ ಸಲ್ಲಿಸುವ ನಿರ್ಣಯ ಒಮ್ಮತದಿಂದ ಪಾಸಾಯಿತು. ಕಂಟ್ರೋಲರು ಎದ್ದು ನಿಂತರು. ಕಿವಿಯವರೆಗೆ ಕೆಂಪಾಗಿದ್ದರು. ಮುಂದಿನ ತಿಂಗಳು ಹಳೇ ಪಂಪ್‌ಹೌಸಿಗೆ ಹೋಗುವುದು, ತಾವು ಏಳೂವರೆಗೆ ಸರಿಯಾಗಿ ಹೊರಡುವುದು, ಇದ್ದವರು ಬರಲಿ, ಇಲ್ಲದವರನ್ನು ಕಾಯುವುದಿಲ್ಲ, ಇನ್ನು ಮೇಲೆ ತಮ್ಮ ಕಾರು ಹಿಂದೆ ಇರುವುದೂ ಇಲ್ಲ ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಡಾಕ್ಟರು, ಹೀಗೇ ಬಿಗಿಯಾಗಿರಬೇಕು ಅಂದರು.

ಹೇಳಿದ ಹಾಗೆಯೇ ಏಳೂವರೆಗೆ ಹೊರಟರು. ಮೈದಾನದಲ್ಲಿ ಬೇರೆ ಯಾರೂ ಇರಲಿಲ್ಲ. ಅವರಿಬ್ಬರೇ ಪಂಪ್‌ಹೌಸ್ ತಲುಪಿ, ಕಾವಲುಗಾರರು ತೋರಿಸಿದ ದೊಡ್ಡ ಚಕ್ರಗಳನ್ನೂ ಹಿತ್ತಾಳೆಯ ಮಾಪಕಗಳನ್ನೂ ನೋಡಿ, ಕಟ್ಟೆಯ ಮೇಲೆ ಕೂತು ಕಾಫಿ ಕುಡಿದರು. ವರ್ಷದಲ್ಲಿ ಮೊದಲ ಸಲ ಪಟ್ಟಿಯ ಪ್ರಕಾರ ಎಲ್ಲವೂ ನಡೆದಿತ್ತು. ಹತ್ತೂವರೆಗೆ ಮರಳಿ ಹೊರಟರು.

ಪಂಪ್‌ಹೌಸಿನ ದಾರಿ ಕಾಲುವೆಯ ಏರಿಯ ಮೇಲೆ ಹಾದುಹೋಗುತ್ತದೆ. ಒಂದು ಕಾರಿಗಷ್ಟೇ ಅಗಲ, ಎರಡೂ ಕಡೆ ಇಳಿಜಾರು. ಅರ್ಧ ದಾರಿಗೆ ಬಂದಾಗ ಎದುರಿನಿಂದ ಕೆನೆಬಣ್ಣದ ಉದ್ದನೆಯ ಕಾರು ಬರುವುದು ಕಂಡಿತು. ಅದರ ಹಿಂದೆ ಇನ್ನೂ ಒಂಬತ್ತು. ಎಲ್ಲ ಕಾರುಗಳೂ ಸಂತೋಷದಿಂದ ಹಾರ್ನ್ ಹೊಡೆದವು.

ಹತ್ತು ಕಾರುಗಳು ಹಿಂದೆ ಸರಿಯುವುದು ಸಾಧ್ಯವಿರಲಿಲ್ಲ. ಸರಿಯಬೇಕಾದದ್ದು ಒಂದು ಕಾರು. ಕಂಟ್ರೋಲರು ಹಲ್ಲು ಕಚ್ಚಿ ರಿವರ್ಸ್ ಗೇರು ಹಾಕಿದರು. ಹೆಂಡತಿ ಕಿಟಕಿಯಿಂದ ಅರ್ಧ ಮೈ ಹೊರಚಾಚಿ ದಾರಿ ಹೇಳಿದರು. ಎಡಕ್ಕೆ, ಇನ್ನೂ ಎಡಕ್ಕೆ, ಸಾಕು, ಅಯ್ಯೋ ಸಾಕು ಅಂದೆನಲ್ಲ. ಮೂಗಿಗೆ ಮೂಗು ತಾಗುವಷ್ಟು ಹತ್ತಿರದಲ್ಲಿ ಅಧ್ಯಕ್ಷರ ಕಾರು ನಿಧಾನವಾಗಿ ಅವರನ್ನು ತಳ್ಳಿಕೊಂಡು ಬರುವಂತೆ ಬಂತು. ಅರ್ಧ ಮೈಲಿ ಹಿಮ್ಮುಖವಾಗಿ ಹೋಗಿ ಪಂಪ್‌ಹೌಸಿನ ಗೇಟಿನ ಪಕ್ಕ ಕಾರು ನಿಲ್ಲಿಸುವಷ್ಟರಲ್ಲಿ ಕಂಟ್ರೋಲರ ಕತ್ತು ಒಂದೇ ಕಡೆಗೆ ಹಿಡಿದುಕೊಂಡಿತ್ತು. ಅಧ್ಯಕ್ಷರು ಕಿಟಕಿ ಇಳಿಸಿದರು.

"ಮೊದಲೇ ಬಂದು ನಮಗೋಸ್ಕರ ಕಾಯ್ತಾ ಇದ್ರಾ? ನೋಡಿ, ಇದಕ್ಕೇ ನೀವು ಬೇಕು ನಮಗೆ."

ಕಂಟ್ರೋಲರು ಹಿಂದಿನ ಸೀಟಿನಲ್ಲಿದ್ದ ವಿಹಾರದ ಫೈಲನ್ನು ಎತ್ತಿ, ಹಾದುಹೋಗುತ್ತಿದ್ದ ಡಾಕ್ಟರ ಕಿಟಕಿಯೊಳಗೆ ಹಾಕಿದರು. ಇವತ್ತಿನ ಪಟ್ಟಿ ಅಂದುಕೊಂಡು ಡಾಕ್ಟರು ಥ್ಯಾಂಕ್ಸ್ ಹೇಳಿದರು.

ಕತ್ತು ತಿರುಗದಿದ್ದುದರಿಂದ ಮನೆಯವರೆಗೆ ಕಾರು ಓಡಿಸಿದ್ದು ಹೆಂಡತಿ. ಮದುವೆಗೆ ಮೊದಲು ಅಪ್ಪನಿಂದ ಅದೇ ಕಾರಿನಲ್ಲಿ ಕಲಿತವರು. ಆಕೆ ದಾರಿಯಲ್ಲಿ ಎರಡು ಕಡೆ ನಿಲ್ಲಿಸಿದರು, ಒಮ್ಮೆ ಹೂವಿನ ಗಿಡಕ್ಕೆ, ಒಮ್ಮೆ ಸುಮ್ಮನೆ. ಕಂಟ್ರೋಲರು ಕತ್ತು ಹಿಡಿದುಕೊಂಡು ಕೂತಿದ್ದರು. ಗಡಿಯಾರ ನೋಡಲು ಮಾತ್ರ ಕತ್ತು ಬೇಕಾಗಿರಲಿಲ್ಲ.

ಫೈಲು ಯಾರ ಹತ್ತಿರ ಇದೆ ಅಂತ ಸಂಘಕ್ಕೆ ತಿಳಿಯಲು ಮೂರು ವಾರ ಹಿಡಿಯಿತು. ಆಮೇಲೆ ಮುಂದಿನ ಪಟ್ಟಿ ಕಳಿಸಿ ಅಂತ ವಿಹಾರ ಕಾರ್ಯದರ್ಶಿಗಳಿಗೆ ಒಂದು ಪತ್ರ ಬಂತು. ಕಂಟ್ರೋಲರು ಅದರ ಬೆನ್ನಿಗೇ 'ಹುದ್ದೆ ಖಾಲಿ ಇದೆ' ಅಂತ ಬರೆದು ವಾಪಸ್ ಕಳಿಸಿದರು.

ಆ ತಿಂಗಳ ಮೊದಲ ಭಾನುವಾರ ಗಂಡಹೆಂಡತಿ ಇಬ್ಬರೂ ಡಿಪೋಗೆ ಹೋದರು. ಮೇಸ್ತ್ರಿ ಒಬ್ಬರೇ ಇದ್ದರು. ಇವರನ್ನು ಕಂಡು ಹಳೇ ಬಸ್ಸಿನ ಟಾರ್ಪಾಲು ಎಳೆದರು. ತೊಳೆದ ಮೈ ಮೇಲೆ ಮತ್ತೆ ಧೂಳು ಕೂತಿತ್ತು. ಮೇಸ್ತ್ರಿ ಒಳಗೆ ಹತ್ತಿ ಕೀಲಿ ತಿರುಗಿಸಿದರು; ಎಂಜಿನ್ ಎರಡು ಸಲ ಕೆಮ್ಮಿ ಸುಮ್ಮನಾಯಿತು. ಬ್ಯಾಟರಿ ಬದಲಿಸಿದರು, ಪೈಪು ಬಿಚ್ಚಿ ಊದಿದರು, ಮೇಸ್ತ್ರಿ ಕೊಟ್ಟದ್ದನ್ನು ಹಿಡಿದುಕೊಂಡು ಕಂಟ್ರೋಲರು ಪಕ್ಕದಲ್ಲಿ ನಿಂತರು. ಹನ್ನೊಂದೂವರೆಯಾಗುತ್ತಾ ಬಂತು. ಎಂಜಿನ್ ಹತ್ತಲಿಲ್ಲ.

"ಆವತ್ತು ಚೆನ್ನಾಗಿ ಓಡ್ತಿತ್ತು," ಅಂದರು ಮೇಸ್ತ್ರಿ, ಕೈ ಒರೆಸಿಕೊಳ್ಳುತ್ತಾ.

"ಗೊತ್ತು," ಅಂದರು ಕಂಟ್ರೋಲರು.

ಹೆಂಡತಿ ಅಷ್ಟರಲ್ಲಿ ಮರದ ಮೆಟ್ಟಿಲು ಹತ್ತಿ ಕಿಟಕಿಯ ಪಕ್ಕದ ಸೀಟಿನಲ್ಲಿ ಕೂತಿದ್ದರು. ಹೊರಗೆ ಗೇಟಿನಲ್ಲಿ ಮೊದಲ ಬಸ್ಸಿನ ಹಾರ್ನ್ ಕೇಳಿಸಿತು. ಕಂಟ್ರೋಲರು ಅಂಗಳದ ನಡುವೆ ನಿಂತಿದ್ದ ತಮ್ಮ ಕಾರನ್ನು ಗೋಡೆಯ ಬದಿಗೆ ಸರಿಸಲು ಓಡಿದರು.